ಮೊದಲು ಗದ್ದೆ, ರೋಮ್ ಆಮೇಲೆ

ಗೆಳೆಯಾ,

ನಿನ್ನ ಪತ್ರ ಓದಿ ಎರಡು ದಿನ ಖುಷಿಯಲ್ಲೇ ಇದ್ದೆ. ಒಂದಲ್ಲ, ಎರಡು ಕಡೆಯಿಂದ ಇಂಟರ್ನ್‌ಶಿಪ್‌ಗೆ ಕರೆ ಬಂದಿದೆ ಅಂದರೆ ಸುಮ್ನೆ ಮಾತಲ್ಲ. ಒಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ರೋಮ್‌ನ ಮುಖ್ಯ ಕಚೇರಿಯಲ್ಲಿ ಆರು ತಿಂಗಳು. ಇನ್ನೊಂದು ಭತ್ತದ ಸಂಶೋಧನಾ ಕೇಂದ್ರದಲ್ಲಿ ನಾಲ್ಕು ತಿಂಗಳು. ಯಾವುದಕ್ಕೆ ಹೂಂ ಅನ್ನಲಿ ಅಂತ ಕೇಳಿದ್ದೀಯ. ಸುತ್ತಿ ಬಳಸಿ ಹೇಳುವುದಿಲ್ಲ. ಗದ್ದೆಗೆ ಹೋಗು.

ರೋಮ್ ಬಗ್ಗೆ ನನಗೆ ತಕರಾರಿಲ್ಲ. ಆಹಾರ ಮತ್ತು ಕೃಷಿ ಸಂಸ್ಥೆ, ಅದೇ ಎಫ್‌ಎಒ, 1951ರಿಂದ ಅಲ್ಲಿದೆ. ವಿಶ್ವ ಆಹಾರ ಕಾರ್ಯಕ್ರಮ, ಹಳ್ಳಿಗಳ ಬೇಸಾಯಕ್ಕೆ ಹಣ ಒದಗಿಸುವ ಐಫ್ಯಾಡ್ ಎರಡೂ ಅದೇ ಊರಿನಲ್ಲಿವೆ. ಜಗತ್ತಿನ ಹಸಿವಿನ ಲೆಕ್ಕ ಕೂಡಿಸುವ ಜಾಗ ಅದು. ಆದರೆ ಆ ಲೆಕ್ಕ ಎಲ್ಲಿಂದ ಹೊರಟು ಬರುತ್ತದೆ ಅಂತ ಕಣ್ಣಾರೆ ನೋಡದೆ ಅಲ್ಲಿ ಕೂತರೆ, ಎದುರಿಗೆ ಬರೀ ಅಂಕಿಗಳಿರುತ್ತವೆ. ನನಗೆ ಇದು ಹೊಳೆದದ್ದು ಒಂದು ರೈತರ ಮನೆಯ ಬಾಗಿಲಲ್ಲಿ.

ನಾನು ಇಂಥದೇ ಒಂದು ಕೇಂದ್ರಕ್ಕೆ ಇಂಟರ್ನ್ ಆಗಿ ಹೋದ ಎರಡನೇ ತಿಂಗಳು. ಬೀಜದ ಸಮೀಕ್ಷೆಗೆ ಅಂತ ಹಳ್ಳಿ ಹಳ್ಳಿ ತಿರುಗುತ್ತಿದ್ದೆವು. ಕೈಯಲ್ಲಿ ಹನ್ನೊಂದು ಪುಟದ ಪ್ರಶ್ನೆಪಟ್ಟಿ, ಜೊತೆಗೆ ಅಲ್ಲಿನ ಭಾಷೆ ಬಲ್ಲ ಒಬ್ಬ ಸಹಾಯಕರು. ‘ಮುಂದಿನ ಬೆಳೆಗೆ ಬೀಜ ಆರಿಸುವವರು ಯಾರು?’ ಅಂತ ಕೇಳಿದೆ. ಮನೆಯ ಯಜಮಾನರು ‘ನಾನೇ’ ಅಂದರು. ಬರೆದುಕೊಂಡೆ. ‘ಯಾವ ತೆನೆ ಒಳ್ಳೆಯದು ಅಂತ ಹೇಗೆ ಗೊತ್ತಾಗುತ್ತದೆ?’ ಅಂತ ಮುಂದಿನ ಪ್ರಶ್ನೆ. ಅವರು ತಡವರಿಸಿ ಹಿಂದೆ ತಿರುಗಿ ನೋಡಿದರು. ಅಲ್ಲಿ ನಿಂತಿದ್ದ ಅವರ ಹೆಂಡತಿ ಏನೂ ಹೇಳದೆ ಒಳಗೆ ಹೋದರು. ಬರುವಾಗ ಕೈಯಲ್ಲಿ ತೆನೆಗಳ ಒಂದು ಕಂತೆ ಇತ್ತು. ಒಂದು ತೆನೆ ಎಳೆದು, ಅದರ ಬುಡದ ಕಾಳನ್ನು ಉಗುರಿನಿಂದ ಒತ್ತಿ ತೋರಿಸಿದರು. ಈ ಕಾಳು ಗಟ್ಟಿಯಾಗಿದ್ದರೆ ತೆನೆಯೆಲ್ಲ ತುಂಬಿದೆ ಅಂತ ಅರ್ಥ, ಅಂದರು. ಭತ್ತದ ತೆನೆ ತುದಿಯಿಂದ ಬುಡದ ಕಡೆಗೆ ಬಲಿಯುತ್ತಾ ಬರುತ್ತದೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಕಂಡದ್ದು ಅವತ್ತೇ.

ನನ್ನ ಫಾರಂನಲ್ಲಿ ಉತ್ತರ ಕೊಟ್ಟವರ ಹೆಸರಿಗೆ ಒಂದೇ ಗೆರೆ. ಅಲ್ಲಿ ಯಜಮಾನರ ಹೆಸರು ಆಗಲೇ ಕೂತಿತ್ತು. ಆಕೆ ಹೇಳಿದ್ದನ್ನು ಪುಟದ ಅಂಚಿನಲ್ಲಿ ಸಣ್ಣಗೆ ಗೀಚಿಕೊಂಡೆ. ಸಂಜೆ ನನ್ನ ಮೇಲ್ವಿಚಾರಕರು ಮಿಕ್ಕಿದ್ದೆಲ್ಲ ಬಿಟ್ಟು ಆ ಅಂಚನ್ನೇ ಓದುತ್ತಾ ಕೂತರು. ಮುಂದಿನ ವಾರ ಬಂದ ಫಾರಂನಲ್ಲಿ ಎರಡು ಗೆರೆ ಇದ್ದವು. ಆ ನಾಲ್ಕು ತಿಂಗಳಲ್ಲಿ ಏನು ಮಾಡಿದೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

2011ರಲ್ಲಿ ಎಫ್‌ಎಒ ಒಂದು ವರದಿ ತಂದಿತ್ತು. ಅಭಿವೃದ್ಧಿಶೀಲ ದೇಶಗಳಲ್ಲಿ ಕೃಷಿಯಲ್ಲಿ ದುಡಿಯುವವರಲ್ಲಿ ಸರಾಸರಿ ಶೇಕಡಾ 43ರಷ್ಟು ಹೆಂಗಸರು ಅಂತ ಅದರಲ್ಲಿತ್ತು. ನೀನೂ ಎಲ್ಲಾದರೂ ಓದಿರುತ್ತೀಯ. ಇಂಥ ಅಂಕಿಗಳೆಲ್ಲ ಕೊನೆಗೆ ಹುಟ್ಟುವುದು ಯಾರೋ ಯಾರದೋ ಬಾಗಿಲಲ್ಲಿ ನಿಂತು ಬರೆದುಕೊಂಡದ್ದರಿಂದಲೇ. ಬರೆದುಕೊಳ್ಳುವವರು ಒಂದೇ ಗೆರೆಗೆ ತೃಪ್ತಿಪಟ್ಟರೆ ರೋಮ್‌ನಲ್ಲಿ ಎಷ್ಟೇ ಬುದ್ಧಿವಂತರು ಕೂತಿದ್ದರೂ ಏನು ಮಾಡಲಿಕ್ಕಾಗುತ್ತದೆ, ಹೇಳು?

ಗದ್ದೆಯ ಕೆಲಸ ಬೇಜಾರು ಬರಿಸುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಬುಡಕ್ಕೆ ಎಷ್ಟು ತೆಂಡೆ, ಅಂದರೆ ಹೊಸ ಕವಲು, ಒಡೆದಿದೆ ಅಂತ ಬಗ್ಗಿ ಎಣಿಸಬೇಕು. ಕೊಯ್ದ ಕಾಳು ತೂಗಬೇಕು, ತೇವ ಅಳೆಯಬೇಕು, ಎಲ್ಲವನ್ನೂ ಶೇಕಡಾ 14ರ ತೇವಕ್ಕೆ ಲೆಕ್ಕ ಹಾಕಿ ಇಳುವರಿ ಬರೆಯಬೇಕು. ಬೀಜ ಭಂಡಾರಕ್ಕೆ ಹಾಕಿದರಂತೂ ಒದ್ದೆ ಕಾಗದದ ಮೇಲೆ ಕಾಳು ಜೋಡಿಸಿ, ಎಷ್ಟು ಮೊಳೆತವು ಅಂತ ದಿನಾ ನೋಡುವುದೇ ಕೆಲಸ. ನಾನು ಮೊದಲ ವಾರ ಇದಕ್ಕಾ ಇಷ್ಟು ದೂರ ಬಂದೆ ಅಂತ ಅತ್ತಿದ್ದೆ.

ಆಮೇಲೆ ಒಬ್ಬ ಹಿರಿಯರು ಇಕಾರ್ಡಾದ ಕಥೆ ಹೇಳಿದರು. ಒಣ ಪ್ರದೇಶಗಳ ಬೇಸಾಯದ ಸಂಶೋಧನೆ ಮಾಡುವ ಸಂಸ್ಥೆ ಅದು. ಅದರ ಬೀಜ ಭಂಡಾರ ಸಿರಿಯಾದ ಅಲೆಪ್ಪೊ ಹತ್ತಿರ ಇತ್ತು. ಗೋಧಿ, ಬಾರ್ಲಿ, ಕಡಲೆ, ಚನ್ನಂಗಿ ಬೇಳೆಯ ಸಾವಿರಾರು ತಳಿಗಳು ಅಲ್ಲಿದ್ದವು. ಯುದ್ಧ ಬಂತು, ಭಂಡಾರಕ್ಕೆ ಹೋಗಿ ಕೆಲಸ ಮಾಡುವುದೇ ಕಷ್ಟವಾಯಿತು. ಪುಣ್ಯಕ್ಕೆ ಅದಕ್ಕೂ ಮುಂಚೆಯೇ ಬೀಜದ ಪ್ರತಿಗಳನ್ನು ನಾರ್ವೆಯ ಸ್ವಾಲ್‌ಬಾರ್ಡ್‌ನ ಹಿಮದ ಭಂಡಾರಕ್ಕೆ ಕಳಿಸಿದ್ದರು. ಅಲ್ಲಿ ಮೈನಸ್ 18 ಡಿಗ್ರಿಯಲ್ಲಿ ಬೀಜ ಇಡುತ್ತಾರೆ. 2015ರಲ್ಲಿ ಅದನ್ನು ವಾಪಸ್ ತರಿಸಿಕೊಂಡು ಲೆಬನಾನ್, ಮೊರಾಕ್ಕೊ ಎರಡೂ ಕಡೆ ಬಿತ್ತಿ ಬೆಳೆದರು. 2017ರಿಂದ ಹೊಸ ಬೀಜವನ್ನು ಮತ್ತೆ ಸ್ವಾಲ್‌ಬಾರ್ಡ್‌ಗೆ ಕಳಿಸತೊಡಗಿದರು. ಈ ಕಥೆ ಕೇಳಿದ ಮೇಲೆ ನನ್ನ ಎದುರಿಗಿದ್ದ ಒದ್ದೆ ಕಾಗದವೇ ಬೇರೆಯಾಗಿ ಕಂಡಿತು. ಚೀಟಿಯ ಮೇಲೆ ಹೆಸರು ತಪ್ಪಿಲ್ಲದೆ ಬರೆದು, ಒಂದೊಂದೇ ಕಾಳು ಎಣಿಸಿದವರು ಇದ್ದದ್ದಕ್ಕೆ ತಾನೆ ಅವು ಉಳಿದದ್ದು?

ಗೋಧಿ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ವಿಷಯ ನಿನಗೆ ಗೊತ್ತಿರಬಹುದು. 1944ರಲ್ಲಿ ಮೆಕ್ಸಿಕೊಗೆ ಹೋದವರು ವರ್ಷಗಟ್ಟಲೆ ಗೋಧಿ ಹೊಲದಲ್ಲೇ ಕಳೆದರು. 1970ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದ ದಿನವೂ ಟೊಲುಕಾ ಕಣಿವೆಯ ಹೊಲದಲ್ಲಿದ್ದರು. ಸುದ್ದಿ ಹೇಳಲು ಹೆಂಡತಿ ಅಲ್ಲಿಗೇ ಹೋಗಬೇಕಾಯಿತು. ಅವರು ಕಟ್ಟಿದ ವಿಶ್ವ ಆಹಾರ ಪ್ರಶಸ್ತಿಯ ಪ್ರತಿಷ್ಠಾನ 1998ರಿಂದ ಹೈಸ್ಕೂಲ್ ಮಕ್ಕಳನ್ನೇ ಎಂಟು ವಾರದ ಇಂಟರ್ನ್‌ಶಿಪ್‌ಗೆ ಬೇರೆ ಬೇರೆ ದೇಶಗಳ ಸಂಶೋಧನಾ ಕೇಂದ್ರಗಳಿಗೆ ಕಳಿಸುತ್ತಾ ಬಂದಿದೆ. ಹದಿನೇಳು ವರ್ಷದ ಮಕ್ಕಳಿಂದ ಆಗುತ್ತದೆ ಅಂದರೆ ನಿನ್ನಿಂದ ಯಾಕೆ ಆಗಲ್ಲ?

ಈಗ ದುಡ್ಡಿನ ಮಾತು. ಇದನ್ನು ನಾಚಿಕೆ ಬಿಟ್ಟು ಕೇಳು. ನನ್ನ ಮೊದಲ ಇಂಟರ್ನ್‌ಶಿಪ್ ಬೇರೊಂದು ಕಡೆ ಇತ್ತು. ಭತ್ಯೆ ಕೊನೆಯಲ್ಲಿ ಒಟ್ಟಿಗೆ ಕೊಡುತ್ತೇವೆ ಅಂದರು, ನಾನು ತಲೆಯಾಡಿಸಿದೆ. ಆರನೇ ವಾರಕ್ಕೆ ಕೈ ಖಾಲಿ. ಮನೆಗೆ ಫೋನ್ ಮಾಡಿ ದುಡ್ಡು ಕೇಳಿದ ಆ ರಾತ್ರಿ ಈಗಲೂ ನೆನಪಿದೆ. 2015ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಸಂಬಳವಿಲ್ಲದ ಇಂಟರ್ನ್ ಒಬ್ಬ ಟೆಂಟ್‌ನಲ್ಲಿ ಮಲಗುತ್ತಿದ್ದ ಸುದ್ದಿ ದೊಡ್ಡದಾಗಿತ್ತಲ್ಲ, ಅದನ್ನು ಓದಿದಾಗ ನನಗೆ ನನ್ನದೇ ದಿನಗಳು ಕಣ್ಣ ಮುಂದೆ ಬಂದವು. ರೋಮ್‌ನ ಸಂಸ್ಥೆಗಳು ಇಂಟರ್ನ್‌ಗಳಿಗೆ ತಿಂಗಳ ಭತ್ಯೆ ಕೊಡುತ್ತವೆ, ಅದು ಒಳ್ಳೆಯದು. ಎಲ್ಲ ಕಡೆ ಹಾಗಿಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್ ಅಂದರೆ ಅನುಕೂಲಸ್ಥರ ಮಕ್ಕಳಿಗೆ ಮಾತ್ರ ತೆರೆದ ಬಾಗಿಲು. ಸಣ್ಣ ರೈತರ ಬದುಕಿನ ಬಗ್ಗೆ ಕೆಲಸ ಮಾಡುವ ಜಾಗಕ್ಕೆ ಸಣ್ಣ ರೈತರ ಮಕ್ಕಳೇ ಬರಲಾಗದಿದ್ದರೆ ಅದು ದೊಡ್ಡ ಅನ್ಯಾಯ ಅಲ್ವಾ? ಟಿಕೆಟ್ ಯಾರದು, ವೀಸಾ ಖರ್ಚು ಯಾರದು, ವಿಮೆ ಇದೆಯೋ ಇಲ್ಲವೋ, ಭತ್ಯೆ ಯಾವ ತಾರೀಖಿಗೆ ಬರುತ್ತದೆ, ಎಲ್ಲ ಬರಹದಲ್ಲಿ ತರಿಸಿಕೋ. ಕೇಳಿದರೆ ಅವಕಾಶ ತಪ್ಪುತ್ತದೆ ಅಂತ ಹೆದರಬೇಡ.

ಇನ್ನೊಂದನ್ನೂ ಕೇಳು: ಸಮೀಕ್ಷೆಯ ಫಲಿತಾಂಶ ಆ ರೈತರಿಗೆ ವಾಪಸ್ ಹೋಗುತ್ತದಾ? ತೆನೆ ತೋರಿಸಿದ ಆ ಮನೆಗೆ ನಾನು ಮತ್ತೆ ಹೋಗಲೇ ಇಲ್ಲ. ಅವರ ಮಾತು ವರದಿಯಲ್ಲಿ ಎಲ್ಲೋ ಸೇರಿದೆ, ಅವರಿಗೆ ಗೊತ್ತಿಲ್ಲ. ಈಗಲೂ ಅದು ಚುಚ್ಚುತ್ತದೆ. ನೀನು ಹೊರಡುವ ಮುಂಚೆ ಕೊನೆಯ ವಾರದಲ್ಲಿ ಎರಡು ದಿನ ಅದಕ್ಕೇ ಇಟ್ಟುಕೊಡಿ ಅಂತ ಈಗಲೇ ಕೇಳು.

ರೋಮ್ ಎಲ್ಲೂ ಓಡಿಹೋಗುವುದಿಲ್ಲ. ಎಫ್‌ಎಒ ಇಂಟರ್ನ್‌ಗಳನ್ನು ತೆಗೆದುಕೊಳ್ಳುವುದು 21ರಿಂದ 30 ವರ್ಷದವರೆಗೆ. ನಿನಗಿನ್ನೂ 22. ಈಗ ಕರೆದವರಿಗೆ ಮರ್ಯಾದೆಯಿಂದ ಒಂದು ಪತ್ರ ಬರೆ, ಮುಂದೆ ಮತ್ತೆ ಅರ್ಜಿ ಹಾಕು.

ಉತ್ತರ ಈ ವಾರವೇ ಕಳಿಸು, ತಡ ಮಾಡಬೇಡ. ಚೀಲಕ್ಕೆ ಪೆನ್ನಿನ ಜೊತೆ ನಾಲ್ಕೈದು ಪೆನ್ಸಿಲ್ ಹಾಕಿಕೋ. ಗದ್ದೆಯಲ್ಲಿ ಕಾಗದ ಒದ್ದೆಯಾದರೆ ಶಾಯಿ ಕದಡಿಹೋಗುತ್ತದೆ. ಪೆನ್ಸಿಲ್‌ನಲ್ಲಿ ಬರೆದದ್ದು ಉಳಿಯುತ್ತದೆ.

ನಿನ್ನ ಗೆಳೆಯ