ಆ ಕೂದಲು ಬೆಳೆಯುತ್ತದೆ, ತುದಿ ಉಳಿಸಿಕೊಳ್ಳಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಪುರವಣಿಯಲ್ಲಿ ಕೂದಲಿನ ಆರೈಕೆ ಬಗ್ಗೆ ಬಂದ ಲೇಖನ ಓದಿದೆ. ಅದರಲ್ಲಿ ಒಂದು ಮಾತು ನನಗೆ ತುಂಬಾ ಬೇಜಾರು ತಂದಿತು. ಆಫ್ರಿಕಾ ಮೂಲದವರ ಕೂದಲು ಹುಟ್ಟಿನಿಂದಲೇ ಉದ್ದ ಬೆಳೆಯುವ ಜಾತಿಯದಲ್ಲ, ಅದಕ್ಕೇ ಅವರು ವಿಗ್ ಹಾಕಿಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ಇದು ನಿಜವಲ್ಲ. ದಯವಿಟ್ಟು ತಿದ್ದಿ ಹಾಕಿ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನನ್ನ ಗಂಡ ಕಪ್ಪು ಅಮೆರಿಕನ್. ಅತ್ತೆ ಸೌತ್ ಕೆರೊಲಿನಾ ಕಡೆಯವರು. ವಯಸ್ಸು ಎಪ್ಪತ್ತು ದಾಟಿದೆ. ಹರೆಯದಿಂದಲೂ ರಿಲ್ಯಾಕ್ಸರ್ ಹಾಕಿಸಿಕೊಳ್ಳುತ್ತಾ ಬಂದಿದ್ದಾರೆ, ಅಂದರೆ ಸುರುಳಿ ಕೂದಲನ್ನು ನೆಟ್ಟಗೆ ಮಾಡುವ ಕ್ರೀಮ್. ಅವರ ಕೂದಲು ಈಗಲೂ ಭುಜ ದಾಟಿ ಬೆನ್ನಿಗೆ ಇಳಿಯುತ್ತದೆ. ಮಗಳಿಗೆ ಅಪ್ಪನ ಕೂದಲೇ ಬಂದಿದೆ. ಅವಳದಕ್ಕೆ ಯಾವ ರಾಸಾಯನಿಕವನ್ನೂ ತಾಗಿಸಿಲ್ಲ. ಈ ಇಬ್ಬರ ತಲೆ ನೋಡುತ್ತಾ ನಾನು ಕಲಿತದ್ದನ್ನು ಬರೆಯುತ್ತೇನೆ. ಕನ್ನಡದ ಎಷ್ಟೋ ಮನೆಗಳಲ್ಲಿ ಇವತ್ತು ಇಂಥ ಕೂದಲಿನ ಮೊಮ್ಮಕ್ಕಳಿದ್ದಾರೆ. ಅಜ್ಜಿಯರು ಪ್ರೀತಿಯಿಂದಲೇ ಬಾಚಣಿಗೆ ಹಿಡಿದು ಕೂರುತ್ತಾರೆ, ಮಗು ಅಳುತ್ತದೆ. ಅಳುವ ಅಗತ್ಯವೇ ಇಲ್ಲ.

ಮೊದಲು ಬೆಳವಣಿಗೆಯ ಲೆಕ್ಕ. ಈ ಕೂದಲು ಉಳಿದವರ ಕೂದಲಿಗಿಂತ ಸ್ವಲ್ಪ ನಿಧಾನವಾಗಿ ಬೆಳೆಯುತ್ತದೆ, ಅದು ಹೌದು. ಆದರೂ ವರ್ಷಕ್ಕೆ ಹೆಚ್ಚುಕಡಿಮೆ 9 ಸೆಂಟಿಮೀಟರ್ ಬೆಳೆಯುತ್ತದೆ. ಒಂದೊಂದು ಎಳೆಯೂ ಉದುರುವ ಮೊದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆಯುತ್ತಲೇ ಇರುತ್ತದೆ. ಐದು ವರ್ಷಕ್ಕೆ 45 ಸೆಂಟಿಮೀಟರ್ ಆಯಿತಲ್ವಾ? ಬೆನ್ನಿನ ನಡುವಿಗೆ ಬರುವಷ್ಟು ಉದ್ದ. ಅಷ್ಟು ಕೂದಲು ಎಲ್ಲಿ ಹೋಗುತ್ತದೆ ಅಂದರೆ, ತುದಿಯಲ್ಲಿ ಮುರಿದು ಹೋಗುತ್ತದೆ. ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ತುಂಡಾದರೆ, ವರ್ಷಗಟ್ಟಲೆ ಕೂದಲು ಅಲ್ಲೇ ನಿಂತ ಹಾಗೆ ಕಾಣುತ್ತದೆ. ನೋಡಿದವರು ಬೆಳೆಯುವುದೇ ಇಲ್ಲ ಅಂದುಬಿಡುತ್ತಾರೆ.

ಯಾಕೆ ಮುರಿಯುತ್ತದೆ? ಈ ಕೂದಲಿನ ಎಳೆ ದುಂಡಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ. ಚರ್ಮದೊಳಗೆ ಅದರ ಬುಡವೇ ಬಾಗಿರುತ್ತದೆ, ಹಾಗಾಗಿ ಸುತ್ತಿಕೊಂಡೇ ಹೊರಬರುತ್ತದೆ. ಪ್ರತಿ ತಿರುವೂ ಒಂದು ಸೂಕ್ಷ್ಮ ಜಾಗ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಲ್ಲಾದರೆ ಸಲೀಸಾಗಿ ತುದಿವರೆಗೆ ಇಳಿಯುತ್ತದೆ. ಇಲ್ಲಿ ಅಷ್ಟು ಸುರುಳಿ ದಾಟಿ ಇಳಿಯಲು ಆಗುವುದಿಲ್ಲ. ತುದಿ ಯಾವಾಗಲೂ ಒಣಗಿರುತ್ತದೆ. ಜೊತೆಗೆ ಒಂದೇ ಎಳೆ ತನ್ನನ್ನು ತಾನೇ ಸುತ್ತಿಕೊಂಡು ಸಾಸಿವೆಗಿಂತ ಚಿಕ್ಕ ಗಂಟು ಹಾಕಿಕೊಳ್ಳುತ್ತದೆ. ಒಣ ಬಾಚಣಿಗೆ ಆ ಗಂಟಿಗೆ ಸಿಕ್ಕಿತೋ, ಅಲ್ಲಿಗೇ ತುಂಡು.

ಚಾಡ್ ದೇಶದ ಬಸಾರಾ ಹೆಂಗಸರ ಉದ್ದ ಕೂದಲಿನ ಬಗ್ಗೆ ನೀವೂ ಕೇಳಿರಬಹುದು. ಅವರು ಹಚ್ಚುವ ಚೆಬೆ ಪುಡಿಯನ್ನು ಕೂದಲು ಬೆಳೆಸುವ ಮದ್ದು ಎಂದು ಈಗ ಎಲ್ಲೆಲ್ಲೂ ಮಾರುತ್ತಾರೆ. ಆದರೆ ಅವರು ಅದನ್ನು ನೆತ್ತಿಗೆ ತಿಕ್ಕುವುದಿಲ್ಲ. ಎಣ್ಣೆ, ಕೊಬ್ಬಿನ ಜೊತೆ ಕಲಸಿ ಕೂದಲಿನ ಉದ್ದಕ್ಕೆ ಮೆತ್ತಿ, ಹೆಣೆದು, ಹಾಗೇ ಬಿಡುತ್ತಾರೆ. ಬೆಳೆದದ್ದನ್ನು ಮುರಿಯಲು ಬಿಡದೆ ಕಾಪಾಡುವ ಉಪಾಯ ಅದು. ನನಗೆ ಇದು ಗೊತ್ತಾದ ಮೇಲೆ ಅಂಗಡಿಯ ಅರ್ಧ ಡಬ್ಬಿಗಳ ಮೇಲಿನ ಆಸೆ ಹೋಯಿತು.

ನಮ್ಮ ಮನೆಯಲ್ಲಿ ಭಾನುವಾರ ಮಗಳ ವಾಶ್ ಡೇ. ಅರ್ಧ ದಿನ ಅದಕ್ಕೇ ಮೀಸಲು. ದಿನಾ ತಲೆಸ್ನಾನ ಈ ಕೂದಲಿಗೆ ಬೇಡ. ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿಯ ಚರ್ಮವೈದ್ಯರು ಹೇಳುವುದೂ ವಾರಕ್ಕೊಮ್ಮೆ, ಇಲ್ಲವೇ ಎರಡು ವಾರಕ್ಕೊಮ್ಮೆ ಎಂದೇ. ಮೊದಲು ತಲೆಯನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕುತ್ತೇನೆ. ಶಾಂಪೂ ನೆತ್ತಿಗೆ ಮಾತ್ರ, ಅದೂ ಉಗುರು ತಾಗಿಸದೆ ಬೆರಳ ತುದಿಯಿಂದ. ನೊರೆ ಇಳಿದು ಹೋಗುವಾಗ ಉಳಿದ ಕೂದಲು ತಾನಾಗೇ ಶುಚಿಯಾಗುತ್ತದೆ. ಕೂದಲನ್ನೆಲ್ಲ ತಲೆ ಮೇಲೆ ಗುಡ್ಡೆ ಹಾಕಿ ಉಜ್ಜಬಾರದು.

ಆಮೇಲೆ ಕಂಡಿಷನರ್. ಇದರಲ್ಲಿ ಕೈ ಬಿಗಿ ಹಿಡಿಯಬೇಡಿ. ಕೂದಲು ಕೈಯಲ್ಲಿ ಜಾರುವಷ್ಟು ಹಚ್ಚಿ, ಒಂದು ಭಾಗವನ್ನು ಮಾತ್ರ ಬಿಚ್ಚಿ, ಮೊದಲು ಬೆರಳಿನಿಂದ ಸಿಕ್ಕು ಬಿಡಿಸುತ್ತೇನೆ. ಆಮೇಲೆ ಹಲ್ಲು ಅಗಲವಾಗಿರುವ ಬಾಚಣಿಗೆ. ಶುರು ಮಾಡುವುದು ತುದಿಯಿಂದ. ತುದಿಯ ಎರಡು ಇಂಚು ಬಿಟ್ಟಿತು ಅನ್ನಿ, ಸ್ವಲ್ಪ ಮೇಲಕ್ಕೆ, ಮತ್ತೆ ಸ್ವಲ್ಪ ಮೇಲಕ್ಕೆ. ಇನ್ನೊಂದು ಕೈಯಲ್ಲಿ ಬುಡದ ಹತ್ತಿರ ಕೂದಲನ್ನು ಹಿಡಿದುಕೊಂಡರೆ ಎಳೆತ ನೆತ್ತಿಗೆ ತಾಗುವುದಿಲ್ಲ. ಕತ್ತಿನ ಮೇಲಿನ ಕೂದಲು ಎಲ್ಲಕ್ಕಿಂತ ಬಿಗಿ ಸುರುಳಿ. ಇಲ್ಲಿನ ಹೆಂಗಸರು ಆ ಜಾಗಕ್ಕೆ ಕಿಚನ್ ಅನ್ನುತ್ತಾರೆ. ಅಲ್ಲಿಗೆ ಬಂದಾಗ ಮಗಳು ಹೆಗಲು ಮೇಲಕ್ಕೆ ಎತ್ತಿಕೊಳ್ಳುತ್ತಾಳೆ. ಆಗ ನಾನು ಬಾಚಣಿಗೆ ಕೆಳಗಿಟ್ಟು ಇನ್ನಷ್ಟು ನೀರು, ಇನ್ನಷ್ಟು ಕಂಡಿಷನರ್ ಹಾಕುತ್ತೇನೆ. ಕೂದಲು ಹಟ ಮಾಡಿದರೆ ಕಾಯಬೇಕೇ ಹೊರತು ಎಳೆಯಬಾರದು.

ಸಿಕ್ಕು ಬಿಟ್ಟ ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿ ಅರ್ಧ ಗಂಟೆ ಕೂರಿಸುತ್ತೇನೆ. ತೊಳೆದು, ಹಳೆಯ ಟೀ ಶರ್ಟಿನಿಂದ ಒತ್ತಿ ನೀರು ತೆಗೆಯುತ್ತೇನೆ. ಟವೆಲ್‌ನಲ್ಲಿ ಉಜ್ಜಿದರೆ ಮಾಡಿದ್ದೆಲ್ಲ ಹಾಳು. ಕೂದಲು ಇನ್ನೂ ಹಸಿಯಾಗಿರುವಾಗಲೇ ಮೊದಲು ತೊಳೆಯದೆ ಬಿಡುವ ಕಂಡಿಷನರ್, ಅದರ ಮೇಲೆ ಎಣ್ಣೆ, ಅದರ ಮೇಲೆ ಶಿಯಾ ಬೆಣ್ಣೆ (ಆಫ್ರಿಕಾದ ಒಂದು ಮರದ ಬೀಜದ ಕೊಬ್ಬು) ಇರುವ ಕ್ರೀಮ್. ತೇವ ಕೊಡುವುದು ನೀರು. ಆ ನೀರು ಬೇಗ ಆರದಂತೆ ತಡೆಯುವುದು ಎಣ್ಣೆ. ಒಣಗಿದ ಕೂದಲಿಗೆ ಸುಮ್ನೆ ಎಣ್ಣೆ ಸುರಿದರೆ ಜಿಡ್ಡಾಗುತ್ತದೆ, ಒಣಗಿದ್ದು ಒಣಗಿದ ಹಾಗೇ ಇರುತ್ತದೆ. ಕೊನೆಗೆ ಕೂದಲನ್ನು ಸಣ್ಣ ಸಣ್ಣ ಗೊಂಚಲು ಮಾಡಿ, ಎರಡೆರಡನ್ನು ಒಂದಕ್ಕೊಂದು ಸುತ್ತಿ ಟ್ವಿಸ್ಟ್ ಹಾಕುತ್ತೇನೆ. ಅದು ವಾರವಿಡೀ ಹಾಗೇ ಇರುತ್ತದೆ. ನಡುವೆ ಒಣಗಿದರೆ ನೀರು ಚಿಮುಕಿಸುತ್ತೇವೆ ಅಷ್ಟೇ. ದಿನಾ ಬಾಚುವ ಮಾತೇ ಇಲ್ಲ.

ಮಲಗುವಾಗ ಸ್ಯಾಟಿನ್ ಟೋಪಿ, ಇಲ್ಲದಿದ್ದರೆ ಸ್ಯಾಟಿನ್ ದಿಂಬಿನ ಕವರ್. ಹತ್ತಿ ಬಟ್ಟೆ ತೇವ ಹೀರುತ್ತದೆ, ರಾತ್ರಿಯೆಲ್ಲ ತುದಿಯನ್ನು ತಿಕ್ಕುತ್ತದೆ. ಇಷ್ಟು ಸುಲಭದ, ಇಷ್ಟು ಉಪಯೋಗದ ಉಪಾಯ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ಇನ್ನೊಂದು ವಿಷಯ ಹೊರಗಿನವರಿಗೆ ತಿಳಿಯುವುದಿಲ್ಲ. ಈ ಕೂದಲು ಒಣಗಿದಾಗ ಮುದುಡಿಕೊಳ್ಳುತ್ತದೆ. ತುಂಬಾ ಬಿಗಿ ಸುರುಳಿಯಾದರೆ ನಿಜವಾದ ಉದ್ದದ ಕಾಲು ಭಾಗವಷ್ಟೇ ಕಾಣಬಹುದು. ಮಗಳ ಒಂದು ಎಳೆಯನ್ನು ಎಳೆದು ಹಿಡಿದರೆ ಭುಜದ ಕೆಳಗೆ ಬರುತ್ತದೆ, ಬಿಟ್ಟರೆ ಗಲ್ಲದ ಹತ್ತಿರ ನಿಲ್ಲುತ್ತದೆ. ಕನ್ನಡಿಯಲ್ಲಿ ಕಂಡದ್ದನ್ನೇ ಉದ್ದ ಎಂದುಕೊಂಡು ಮಕ್ಕಳು ಮನಸ್ಸು ಸಣ್ಣ ಮಾಡಿಕೊಳ್ಳುತ್ತಾರೆ. ಎಳೆದು ತೋರಿಸಿ, ಅವರಿಗೇ ಖುಷಿಯಾಗುತ್ತದೆ.

ಸಣ್ಣ ಸಣ್ಣ ಜಡೆ ಹೆಣೆಸುವುದು ಕೂದಲು ಉಳಿಸಿಕೊಳ್ಳಲು ಒಳ್ಳೆಯ ದಾರಿ, ತುದಿ ಒಳಗೆ ಅಡಗಿರುತ್ತದೆ. ಆದರೆ ಬಿಗಿಯಾಗಿ ಎಳೆದು ಹೆಣೆದರೆ ಹಣೆಯಂಚಿನ, ಕಿವಿ ಪಕ್ಕದ ಕೂದಲು ಬುಡಸಮೇತ ಹೋಗುತ್ತದೆ. ಜಡೆ ಹಾಕಿದ ರಾತ್ರಿ ನೋವಿನಿಂದ ನಿದ್ದೆ ಬರಲಿಲ್ಲ, ಬುಡದಲ್ಲಿ ಚಿಕ್ಕ ಗುಳ್ಳೆ ಎದ್ದಿತು ಅಂದರೆ ಆಗಲೇ ಬಿಚ್ಚಬೇಕು. ಚೆಂದಕ್ಕೆ ನೋವು ತಿನ್ನಲೇಬೇಕು ಎಂದು ಯಾವ ಮಗುವಿಗೂ ಹೇಳಬೇಡಿ. ವರ್ಷಗಟ್ಟಲೆ ಎಳೆತ ಮುಂದುವರಿದರೆ ಅಲ್ಲಿ ಮತ್ತೆ ಕೂದಲು ಬರುವುದೇ ಇಲ್ಲ. ಕೃತಕ ಕೂದಲು ಸೇರಿಸಿ ಹೆಣೆದಿದ್ದರೆ ಆರೆಂಟು ವಾರಕ್ಕೆ ಬಿಚ್ಚಿ, ತಲೆಗೆ ಸ್ವಲ್ಪ ದಿನ ಬಿಡುವು ಕೊಡಿ.

ಈಗ ಅತ್ತೆಯ ರಿಲ್ಯಾಕ್ಸರ್ ವಿಚಾರ. ಇದು ಹಳೆಯದು. ಟ್ರಾಫಿಕ್ ಸಿಗ್ನಲ್‌ಗೆ 1923ರಲ್ಲಿ ಪೇಟೆಂಟ್ ಪಡೆದ ಕಪ್ಪು ಅಮೆರಿಕನ್ ಸಂಶೋಧಕ ಗ್ಯಾರೆಟ್ ಮಾರ್ಗನ್ ಅವರೇ ಅದಕ್ಕೂ ಮೊದಲು ಕೂದಲು ನೆಟ್ಟಗೆ ಮಾಡುವ ಕ್ರೀಮ್ ಮಾರುತ್ತಿದ್ದರು. ಇವತ್ತಿನ ರಿಲ್ಯಾಕ್ಸರ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್‌ನಂಥ ತೀವ್ರ ಕ್ಷಾರ ಇರುತ್ತದೆ. ಅದು ಕೂದಲಿನ ಒಳಗಿನ ಗಂಧಕದ ಬಂಧಗಳನ್ನೇ ಒಡೆಯುತ್ತದೆ. ನೆಟ್ಟಗಾದ ಕೂದಲು ಮತ್ತೆ ಸುರುಳಿಯಾಗುವುದಿಲ್ಲ, ಮೊದಲಿನಷ್ಟು ಗಟ್ಟಿಯಾಗಿಯೂ ಇರುವುದಿಲ್ಲ. ಹಾಗಿದ್ದೂ ಅತ್ತೆಯ ಕೂದಲು ಉದ್ದವಾಗಿ ಉಳಿದಿರುವುದು ಅವರ ಶಿಸ್ತಿನಿಂದ. ಎರಡೂವರೆ ಮೂರು ತಿಂಗಳಿಗೆ ಮೊದಲು ಮತ್ತೆ ಹಾಕಿಸುವುದಿಲ್ಲ. ಹಾಕುವುದು ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ. ಹಿಂದೆ ನೆಟ್ಟಗಾದ ಕೂದಲಿನ ಮೇಲೆ ಅದು ಹರಿಯಬಾರದು ಎಂದು ಆ ಭಾಗಕ್ಕೆ ಮೊದಲೇ ಕಂಡಿಷನರ್ ಮೆತ್ತಿಸುತ್ತಾರೆ. ನೆತ್ತಿಗೆ, ಕಿವಿಗೆ, ಹಣೆಯಂಚಿಗೆ ವ್ಯಾಸಲೀನ್. ಎರಡು ದಿನ ಮುಂಚಿನಿಂದ ತಲೆ ಕೆರೆಯುವುದಿಲ್ಲ, ತೊಳೆಯುವುದೂ ಇಲ್ಲ. ಉರಿ ಶುರುವಾದರೆ ಸಹಿಸಿಕೊಂಡು ಕೂರುವುದಿಲ್ಲ, ತಕ್ಷಣ ತೊಳೆಸುತ್ತಾರೆ. ಅವರು ಬಳಸುವ ನ್ಯೂಟ್ರಲೈಸಿಂಗ್ ಶಾಂಪೂ ಕ್ಷಾರ ಉಳಿದಿದ್ದರೆ ಗುಲಾಬಿ ನೊರೆ ಕೊಡುತ್ತದೆ. ನೊರೆ ಪೂರ್ತಿ ಬೆಳ್ಳಗಾಗುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಹೊಸ ಸುರುಳಿ ಬುಡ ಮತ್ತು ಹಳೆಯ ನೇರ ಕೂದಲು ಸೇರುವ ಗೆರೆಯೇ ಬೇಗ ಮುರಿಯುವ ಜಾಗ ಎಂದು ಆ ವಾರಗಳಲ್ಲಿ ಬಾಚಣಿಗೆ ಮುಟ್ಟುವುದೇ ಕಡಿಮೆ. ರಿಲ್ಯಾಕ್ಸರ್ ಜೊತೆಗೆ ಬ್ಲೀಚ್ ಬೇಡವೇ ಬೇಡ. ಬಿಸಿ ಐರನ್ ಕೂಡ ಅಪರೂಪಕ್ಕೆ, ಶಾಖ ತಡೆಯುವ ಕ್ರೀಮ್ ಹಚ್ಚಿದ ಮೇಲೆಯೇ.

ಮಗಳು ಹೋದ ವರ್ಷ ತನಗೂ ರಿಲ್ಯಾಕ್ಸರ್ ಬೇಕು ಎಂದಳು. ಬೇಡ ಎಂದವರು ಅತ್ತೆಯೇ. "ನನ್ನ ಕಾಲದಲ್ಲಿ ಕೂದಲು ನೆಟ್ಟಗಿಲ್ಲದಿದ್ದರೆ ಕೆಲಸ ಕೊಡುತ್ತಿರಲಿಲ್ಲ ಕಣೇ, ನಿನಗೆ ಆ ಕಷ್ಟ ಇಲ್ಲ" ಅಂದರು. ಅವರ ಮಾತಿಗೆ ಈಗ ಕಾನೂನಿನ ಬಲವೂ ಇದೆ. 2018ರ ಡಿಸೆಂಬರ್‌ನಲ್ಲಿ ನಮ್ಮ ನ್ಯೂಜೆರ್ಸಿಯಲ್ಲೇ ಹೈಸ್ಕೂಲ್ ಕುಸ್ತಿಪಟು ಒಬ್ಬನ ಡ್ರೆಡ್‌ಲಾಕ್ಸ್ ಅನ್ನು, ಅಂದರೆ ಹಗ್ಗದ ಹಾಗೆ ಹೊಸೆದ ಜಟೆಯನ್ನು, ಪಂದ್ಯಕ್ಕೆ ಮೊದಲು ಎಲ್ಲರೆದುರು ಕತ್ತರಿಸಿದರು. ಸರಿಯಾಗಿ ಒಂದು ವರ್ಷಕ್ಕೆ ಇಲ್ಲಿ ಕ್ರೌನ್ ಕಾಯ್ದೆ ಬಂತು. ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2019ರ ಜುಲೈನಲ್ಲಿ. ಈ ಕಾಯ್ದೆಯ ಪ್ರಕಾರ ಕೂದಲಿನ ಸುರುಳಿ, ಜಡೆ ನೋಡಿ ಶಾಲೆಯಲ್ಲೋ ಕೆಲಸದಲ್ಲೋ ಯಾರನ್ನೂ ದೂರ ಇಡುವಂತಿಲ್ಲ.

ಆರೋಗ್ಯದ ಪ್ರಶ್ನೆಯೂ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 33,497 ಹೆಂಗಸರನ್ನು ಹತ್ತಿರ ಹತ್ತಿರ 11 ವರ್ಷ ಗಮನಿಸಿ 2022ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇ 1.64. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ 4.05. ಇದರಿಂದ ರಿಲ್ಯಾಕ್ಸರೇ ಕಾರಣ ಎಂದು ಸಾಬೀತಾಗುವುದಿಲ್ಲ. ಆದರೂ ಹದಿಹರೆಯದ ಹುಡುಗಿಗೆ ಶುರು ಮಾಡಿಸುವ ಮೊದಲು ತಾಯಂದಿರು ಈ ಎರಡು ಅಂಕಿ ತಿಳಿದಿರಬೇಕು. ರಿಲ್ಯಾಕ್ಸರ್ ಹಾಕಿಸಿಕೊಳ್ಳುವವರನ್ನು ನಾನು ಖಂಡಿತ ಹೀಗಳೆಯುವುದಿಲ್ಲ. ಅದು ಅವರವರ ತಲೆ, ಅವರವರ ಇಷ್ಟ.

ಎಣ್ಣೆಗಳ ಬಗ್ಗೆ ಎರಡೇ ಮಾತು. ತೆಂಗಿನೆಣ್ಣೆ ಎಳೆಯ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ತಲೆಸ್ನಾನಕ್ಕೆ ಮೊದಲು ಹಚ್ಚುವುದು ಒಳ್ಳೆಯದು. ಜಮೈಕಾದ ಹುರಿದ ಹರಳೆಣ್ಣೆ ದಪ್ಪ, ತುದಿಗೆ ಕಾವಲು. ಹೊಸ ಕೂದಲು ಹುಟ್ಟಿಸುವ ಶಕ್ತಿ ಅದಕ್ಕಿದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ನಿಮ್ಮ ಲೇಖನ ಹೇಳಿದ ಬಯೋಟಿನ್ ಎಂಬ ವಿಟಮಿನ್ ಮಾತ್ರೆ, ದೇಹದಲ್ಲಿ ಅದರ ಕೊರತೆ ಇದ್ದವರಿಗೆ ಮಾತ್ರ ಉಪಯೋಗ. ಜಾಸ್ತಿ ನುಂಗಿದರೆ ಹೃದಯಾಘಾತ ಪತ್ತೆ ಮಾಡುವ ರಕ್ತಪರೀಕ್ಷೆಯೇ ತಪ್ಪು ತೋರಿಸಬಹುದು ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ.

ಮುರಿಯುವುದು ಬೇರೆ, ಬುಡದಿಂದ ಉದುರುವುದು ಬೇರೆ. ಉದುರಿದ ಎಳೆಯ ಒಂದು ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇರುತ್ತದೆ, ಮುರಿದದ್ದಕ್ಕೆ ಇರುವುದಿಲ್ಲ. ಬುಡದಿಂದಲೇ ಜಾಸ್ತಿ ಉದುರುತ್ತಿದ್ದರೆ ಕಬ್ಬಿಣದ ಅಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಡುನೆತ್ತಿಯಲ್ಲಿ ಕೂದಲು ತೆಳ್ಳಗಾಗುತ್ತಾ ಸುತ್ತಲೂ ಹರಡುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕಪ್ಪು ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಒಂದು ಕಾಯಿಲೆ ಹೀಗೇ ಶುರುವಾಗುತ್ತದೆ. ಅದರಲ್ಲಿ ಕೂದಲಿನ ಬುಡ ಗಾಯದ ಕಲೆಯಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ, ಬೇಗ ತೋರಿಸಿದರೆ ಉಳಿದದ್ದನ್ನು ಕಾಪಾಡಿಕೊಳ್ಳಲು ಔಷಧಿ ಇದೆ. ಈ ಬಗೆಯ ಕೂದಲು ನೋಡಿ ಅನುಭವ ಇರುವ ಚರ್ಮವೈದ್ಯರನ್ನೇ ಹುಡುಕಿ. ಹೋಗುವ ದಿನ ಜಡೆ ಬಿಚ್ಚಿ, ಎಣ್ಣೆ ಹಚ್ಚದೆ ಹೋಗಿ. ನೆತ್ತಿ ಅವರಿಗೆ ಚೆನ್ನಾಗಿ ಕಾಣಬೇಕು.

ನಿಮ್ಮ ಹಳೆಯ ಓದುಗಿ,
ನ್ಯೂಜೆರ್ಸಿ