ಧಾರವಾಡಕ್ಕೆ ಬಂದ ಹೋಮ್ಸನನ್ನು ಒಬ್ಬರಿಗಾದರೂ ತೋರಿಸು

ಚಿ. ತಂಗಿಗೆ,

ಧಾರವಾಡದಿಂದ ನಿನ್ನ ಕಾಕಾನ ಆಶೀರ್ವಾದಗಳು. ನೀನು ಕಳಿಸಿದ ಕಥೆ ಮುಟ್ಟಿತು. ಮೊಬೈಲಿನಲ್ಲಿ ಓದಲು ನನ್ನ ಕಣ್ಣು ಒಪ್ಪುವುದಿಲ್ಲ. ಹಾಗಾಗಿ ಓಣಿಯ ತುದಿಯ ಝೆರಾಕ್ಸ್ ಅಂಗಡಿಗೆ ಹೋಗಿ ಮುದ್ರಿಸಿಕೊಂಡು ತಂದೆ. ಮೂವತ್ತೊಂದು ಪುಟ. ಮೊದಲ ಸಲ ಓದುವಾಗ ಪಕ್ಕದಲ್ಲಿದ್ದ ಚಹಾ ಆರಿ ತಣ್ಣಗಾಯಿತು. ಎರಡನೆಯ ಸಲ ಪೆನ್ಸಿಲ್ ಹಿಡಿದು ಕುಳಿತೆ.

ನಿನ್ನ ಪ್ರಶ್ನೆ ಇಷ್ಟು: ಇದು ಬರೀ ಅಭಿಮಾನಿ ಕಥೆ, ಹೋಮ್ಸ್ ಮೊದಲಾದ ಪಾತ್ರಗಳು ಕಾನನ್ ಡಾಯ್ಲ್‌ನವು, ನನ್ನವಲ್ಲ, ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ, ಹೀಗಿರುವಾಗ ನಾಲ್ಕು ಜನರ ಮುಂದೆ ಇಡುವ ಮೊದಲು ಯಾರಿಂದಲಾದರೂ ತಿದ್ದಿಸಬೇಕೇ? ಉತ್ತರವನ್ನೂ ನೀನೇ ಕೊಟ್ಟುಕೊಂಡಿದ್ದೀಯ. ಗದುಗಿನ ನಾರಣಪ್ಪ ‘ಪದವಿಟ್ಟಳುಪದೊಂದಗ್ಗಳಿಕೆ’ ಎಂದು ಹೇಳಿಕೊಂಡಿದ್ದಾನೆ, ಇಟ್ಟ ಪದವನ್ನು ಅಳಿಸದವನ ಊರಿನವಳು ನಾನು ಎಂದಿದ್ದೀಯ. ವೀರನಾರಾಯಣ ಗುಡಿಯ ಆಸುಪಾಸಿನಲ್ಲಿ ಬೆಳೆದವಳಿಗೆ ಇಷ್ಟು ಸೊಕ್ಕು ಇರಬೇಕಾದದ್ದೇ.

ಆದರೆ ಆ ಮಾತನ್ನು ಅವನ ಇನ್ನೊಂದು ಮಾತಿನ ಜೊತೆಗಿಟ್ಟು ಓದು. ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎನ್ನುತ್ತಾನೆ ಅವನು. ಹೇಳಿಕೊಡುವವನು ಅಂಥವನಾದರೆ ಅಳಿಸುವ ಪ್ರಶ್ನೆಯೇ ಬರುವುದಿಲ್ಲ. ನಿನಗೂ ಒಳಗೆ ಯಾರೋ ಕುಳಿತು ಹೇಳಿಕೊಡುತ್ತಿದ್ದರೆ ಈ ಪತ್ರವನ್ನು ಇಲ್ಲಿಗೇ ಮಡಚಿಡು. ನನಗೆ ಕಂಡಂತೆ ನಿನಗೆ ಹೇಳಿಕೊಡುತ್ತಿರುವುದು ಮೊಬೈಲಿನ ಕೀಲಿಮಣೆ. ಹನ್ನೊಂದನೆಯ ಪುಟ ತೆಗೆದು ನೋಡು: ‘ಷರ್ಲಾಕ್ ಹೋಮ ಬಾಗಿಲ ಬಳಿ ನಿಂತ.’ ಹೋಮ್ಸ್ ಹೋಗಿ ಹೋಮವಾಗಿದ್ದಾನೆ. ಪುಣ್ಯಕ್ಕೆ ತುಪ್ಪ, ಸಮಿತ್ತು ಬರಲಿಲ್ಲ.

ಇರಲಿ, ಅದು ಬೆರಳಿನ ತಪ್ಪು, ಒಂದು ಕ್ಷಣದಲ್ಲಿ ಸರಿಹೋಗುತ್ತದೆ. ನಾನು ಹೇಳಬೇಕೆಂದಿರುವುದು ಬೇರೆ. ನಿನ್ನ ಕಲ್ಪನೆ ನನಗೆ ನಿಜಕ್ಕೂ ಹಿಡಿಸಿತು. 1891ರಲ್ಲಿ ಸ್ವಿಟ್ಜರ್ಲೆಂಡಿನ ಜಲಪಾತದಲ್ಲಿ ಸತ್ತನೆಂದು ಲೋಕ ನಂಬಿದ ಹೋಮ್ಸ್ 1894ರಲ್ಲಿ ಲಂಡನ್ನಿಗೆ ಮರಳುತ್ತಾನೆ. ನಡುವೆ ಎರಡು ವರ್ಷ ಟಿಬೆಟ್ಟಿನಲ್ಲಿ ಅಲೆದೆ ಎಂದು ಅವನೇ ಹೇಳುತ್ತಾನೆ. ಆ ಬಿರುಕಿನಲ್ಲಿ ಕೈಹಾಕಿ ನೀನು ಅವನನ್ನು 1892ರ ಮಳೆಗಾಲದಲ್ಲಿ ಧಾರವಾಡದ ನಿಲ್ದಾಣದಲ್ಲಿ ಇಳಿಸಿದ್ದೀಯ. ಅವನು ಕೊಡೆ ಕೊಡವುತ್ತಾ ಪ್ಲಾಟ್‌ಫಾರ್ಮಿನ ಕೆಸರಿನಲ್ಲಿ ಮೂಡಿದ ಹೆಜ್ಜೆ ನೋಡಿ ಕೂಲಿಯವನ ಊರು ಹೇಳುವ ಆ ಅರ್ಧ ಪುಟ ಇದೆಯಲ್ಲ, ಅದರ ಅಂಚಿನಲ್ಲಿ ಪೆನ್ಸಿಲ್ ಮುಟ್ಟಿಸಿಲ್ಲ.

ಆಮೇಲೆ ತಾಪತ್ರಯ ಶುರುವಾಯಿತು. ಹೋಮ್ಸ್ ಕರ್ನಾಟಕ ಕಾಲೇಜಿಗೆ ಹೋಗಿ ಪ್ರಾಧ್ಯಾಪಕರನ್ನು ಕಾಣುತ್ತಾನೆ. ಕಾಲೇಜು ಶುರುವಾದದ್ದೇ 1917ರಲ್ಲಿ. ಸಾಧನಕೇರಿಯ ದಾರಿಯಲ್ಲಿ ಪುಟ್ಟ ಬೇಂದ್ರೆ ಅವನಿಗೆ ದಾರಿ ತೋರಿಸುತ್ತಾನೆ. ಬೇಂದ್ರೆಯವರು ಹುಟ್ಟಿದ್ದು 1896ರಲ್ಲಿ. ಹುಟ್ಟುವ ನಾಲ್ಕು ವರ್ಷ ಮೊದಲೇ ದಾರಿ ತೋರಿಸುವ ಶಕ್ತಿ ವರಕವಿಗೆ ಇತ್ತು ಎಂದು ನೀನು ವಾದಿಸಬಹುದು, ನಾನೂ ಅರ್ಧ ಒಪ್ಪಿಯೇನು. ಆದರೆ ಹೋಮ್ಸನ ಕಥೆಯಲ್ಲಿ ಆ ವಾದ ನಡೆಯುವುದಿಲ್ಲ. ಕೆಸರಿನ ಹೆಜ್ಜೆ ಓದುವವನ ಕಥೆಗೆ ಬರುವ ಓದುಗರೂ ಹೆಜ್ಜೆ ಓದುವವರೇ ಆಗಿರುತ್ತಾರೆ.

ಊರಿನ ಚರಿತ್ರೆ ಬಲ್ಲ ಒಬ್ಬರಿಗೆ ಮೊದಲೇ ತೋರಿಸಿದ್ದರೆ ತಪ್ಪು ತಪ್ಪುತ್ತಿತ್ತು, ಜೊತೆಗೆ ಕಥೆಗೆ ಒಂದು ಉಡುಗೊರೆಯೂ ಸಿಗುತ್ತಿತ್ತು. ಇಂದಿನ ಕರ್ನಾಟಕ ಕಾಲೇಜಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ರೈಲಿನ ವೇಳಾಪಟ್ಟಿ ಕೈಯಲ್ಲಿ ಹಿಡಿದು ಕಳ್ಳರನ್ನು ಹಿಡಿಯುವ ಹೋಮ್ಸನಿಗೆ ಕಾಲೇಜಿಗಿಂತ ರೈಲ್ವೆ ಕಚೇರಿ ಎಷ್ಟು ಮೇಲು! ವಿದ್ವಾಂಸರೇ ಬೇಕೆಂದರೆ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದೆ. ಅವನು ಬರುವ ಹೊತ್ತಿಗೆ ಅದಕ್ಕೆ ಎರಡು ವರ್ಷ. ಮುಂಬಯಿ ಪ್ರಾಂತದ ಮರಾಠಿ ಕಚೇರಿಗಳ ನಡುವೆ ಕನ್ನಡಕ್ಕೊಂದು ಮನೆ ಕಟ್ಟಲು ಹೊರಟ ಮಂದಿಯ ನಡುವೆ ಆ ಆಂಗ್ಲನನ್ನು ಕೂರಿಸು, ಏನಾಗುತ್ತದೋ ನೋಡು.

ಇನ್ನು ವಾಟ್ಸನ್. ನಿನ್ನ ಕಥೆಯಲ್ಲಿ ಅವನೂ ಹೋಮ್ಸನ ಜೊತೆ ಟಾಂಗಾ ಹತ್ತುತ್ತಾನೆ (ನೀನು ‘ಜಟಕಾ’ ಎಂದು ಬರೆದಿದ್ದೀಯ. ಗದಗಿನ ಹುಡುಗಿ ಜಟಕಾ ಎಂದು ಯಾವಾಗ ಅಂದಳು? ಬೆಂಗಳೂರಿನ ಧಾರಾವಾಹಿಗಳ ಪ್ರಭಾವ ಇದು). ಮೂಲದಲ್ಲಿ 1894ರವರೆಗೂ ವಾಟ್ಸನ್ ತನ್ನ ಗೆಳೆಯ ಸತ್ತಿದ್ದಾನೆಂದೇ ನಂಬಿರುತ್ತಾನೆ. ಅವನು ಮೂರ್ಛೆ ಹೋಗುವ ಆ ಪ್ರಸಿದ್ಧ ಗಳಿಗೆ ನಿಂತಿರುವುದೇ ಆ ನಂಬಿಕೆಯ ಮೇಲೆ. ಇದನ್ನು ನೀನು ಮರೆತು ಬರೆದೆಯೋ, ಗೊತ್ತಿದ್ದೂ ಬದಲಿಸಿದೆಯೋ? ಮೂವತ್ತೊಂದು ಪುಟ ಮುಗಿದರೂ ನನಗೆ ಅದು ತಿಳಿಯಲಿಲ್ಲ. ನನ್ನ ತಕರಾರು ಇಷ್ಟೇ.

ಬದಲಿಸುವುದು ತಪ್ಪಲ್ಲ. ಪಂಪ ದ್ರೌಪದಿಯನ್ನು ಐವರಿಂದ ಬಿಡಿಸಿ ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ವ್ಯಾಸರನ್ನು ಸರಿಯಾಗಿ ಓದಿಲ್ಲ ಎಂದು ಅವನನ್ನು ಯಾರೂ ಬೈಯಲಿಲ್ಲ, ಅರ್ಜುನನಲ್ಲಿ ಕಂಡ ತನ್ನ ದೊರೆ ಅರಿಕೇಸರಿಗಾಗಿ ಬೇಕೆಂದೇ ಮಾಡಿದ್ದು ಎಂದು ಎಲ್ಲರಿಗೂ ಗೊತ್ತು. ನಿನಗೆ ಪಂಪನ ಪಟ್ಟ ಕಟ್ಟುತ್ತಿಲ್ಲ, ಉಬ್ಬಬೇಡ. ಅಭಿಮಾನಿ ಕಥೆ ಬರೆಯುವವರ ವಿಶೇಷ ಕಷ್ಟ ಇದು ಎಂದು ತೋರಿಸುತ್ತಿದ್ದೇನೆ. ನಾನು ಬರೆಯುವ ಕಥೆಯಲ್ಲಿ ಸೀತವ್ವನ ಕಣ್ಣು ಯಾವ ಬಣ್ಣದ್ದು ಎನ್ನುವುದು ನನಗೆ ಬಿಟ್ಟದ್ದು. ನಿನ್ನ ಓದುಗರಿಗೆ ಮೂಲ ಬಾಯಿಪಾಠ. ಎಲ್ಲಿ ನೀನು ಎಡವಿದೆ, ಎಲ್ಲಿ ಬೇಕೆಂದೇ ದಾರಿ ಬಿಟ್ಟೆ ಎನ್ನುವುದು ಅವರಿಗೆ ಕಾಣಬೇಕು. ಬರೆದ ನಿನಗೆ ಎರಡೂ ಒಂದೇ ರೀತಿ ಕಾಣುತ್ತವೆ, ಏಕೆಂದರೆ ಎರಡೂ ನಿನ್ನ ತಲೆಯಿಂದ ಬಂದವು. 9ನೆಯ ಶತಮಾನದಲ್ಲೇ ಕವಿರಾಜಮಾರ್ಗ ಇದನ್ನು ಹೇಳಿದೆ: ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದ ಹಾಗೆ ಕವಿ ತನ್ನ ದೋಷವನ್ನು ಕಾಣಲಾರ. ತಿರುಳ್ಗನ್ನಡದ ನಾಡೆಂದು ಅದು ಹೆಸರಿಸುವ ಪುಲಿಗೆರೆ ನಿಮ್ಮ ಜಿಲ್ಲೆಯ ಲಕ್ಷ್ಮೇಶ್ವರವೇ. ಮನೆಯ ಪಕ್ಕದ ಮಾತು ಎಂದು ತಿಳಿದುಕೋ.

ಮೂಲ ಲೇಖಕರೂ ಎಡವಿದ್ದಾರೆ, ಅದೂ ನಿನಗೆ ಗೊತ್ತು. ಮೊದಲ ಕಾದಂಬರಿಯಲ್ಲಿ ವಾಟ್ಸನ್ನನಿಗೆ ಅಫ್ಘಾನ್ ಯುದ್ಧದಲ್ಲಿ ಗುಂಡು ತಾಗಿದ್ದು ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ಒಂದು ಕಥೆಯಲ್ಲಂತೂ ಅವನ ಹೆಂಡತಿಯೇ ಜಾನ್ ಎನ್ನುವ ಗಂಡನನ್ನು ಜೇಮ್ಸ್ ಎನ್ನುತ್ತಾಳೆ. ಅಭಿಮಾನಿಗಳು ಇದಕ್ಕೆಲ್ಲ ಕಾರಣ ಹುಡುಕುತ್ತಾ ನೂರು ವರ್ಷ ಸುಖವಾಗಿ ಕಳೆದಿದ್ದಾರೆ. ಕಾನನ್ ಡಾಯ್ಲ್‌ನ ತಪ್ಪಿಗೆ ಆ ಭಾಗ್ಯ ಇದೆ. ನಿನ್ನ, ನನ್ನ ತಪ್ಪಿಗೆ ಇಲ್ಲ.

ನನ್ನದನ್ನೇ ಹೇಳುತ್ತೇನೆ. ಮೂವತ್ತರ ವಯಸ್ಸಿನಲ್ಲಿ ಒಂದು ಕಥೆಯನ್ನು ಯಾರಿಗೂ ತೋರಿಸದೆ ಪತ್ರಿಕೆಗೆ ಕಳಿಸಿದೆ, ಅಚ್ಚೂ ಆಯಿತು. ಅದರಲ್ಲಿ ನಾಯಕ ಹುಬ್ಬಳ್ಳಿಯಲ್ಲಿ ಗದಗಿನ ಪ್ಯಾಸೆಂಜರ್ ಹತ್ತಿ, ಹುಲಕೋಟಿ ದಾಟಿ, ನಿದ್ದೆಯಿಂದ ಎದ್ದು ಅಣ್ಣಿಗೇರಿಯಲ್ಲಿ ಇಳಿಯುತ್ತಾನೆ. ವಾರದೊಳಗೆ ಅಣ್ಣಿಗೇರಿಯಿಂದ ಒಂದು ಕಾರ್ಡು ಬಂತು. ಹೊಗಳಿಕೆ ಇಲ್ಲ, ಬೈಗುಳವೂ ಇಲ್ಲ, ಒಂದೇ ಸಾಲು: ‘ನಿಮ್ಮ ಗಾಡಿ ಹುಲಕೋಟಿಯಿಂದ ಹಿಂದಕ್ಕೆ ಓಡಿದ ಕಾರಣ ತಿಳಿಸಬೇಕು.’ ಆ ಕಥೆಯ ಕೊನೆಯ ಪುಟದಲ್ಲಿ ನಾನು ಬಹಳ ಒಳ್ಳೆಯ ಸಾವನ್ನು ಬರೆದಿದ್ದೆ. ಆ ಓದುಗ ಅಲ್ಲಿಯವರೆಗೆ ಬಂದನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ನಿನ್ನ ಕಥೆಯ ನೆತ್ತಿಯ ಮೇಲೆ ‘ಯಾರಿಂದಲೂ ತಿದ್ದಿಸಿಲ್ಲ, ತಪ್ಪಿದ್ದರೆ ಕ್ಷಮಿಸಿ’ ಎಂದು ಬರೆದಿದ್ದೀಯ. ಹಳೆಯ ಓಲೆಗರಿಗಳ ಕೊನೆಯಲ್ಲೂ ‘ಅಬದ್ಧಂ ವಾ ಸುಬದ್ಧಂ ವಾ, ಮಮ ದೋಷೋ ನ ವಿದ್ಯತೇ’ ಎಂದು ಬರೆದು ಲಿಪಿಕಾರರು ಕೈತೊಳೆದುಕೊಳ್ಳುತ್ತಿದ್ದರು. ಅವರು ನಕಲು ಮಾಡುವವರು, ಅವರಿಗೆ ಅದು ಒಪ್ಪುತ್ತದೆ. ಅದರ ಕೆಳಗೆ ಇಂಗ್ಲಿಷಿನ ಅಭಿಮಾನಿ ಬರಹಗಾರರ ತಮಾಷೆಯ ಘೋಷಣೆಯನ್ನೂ ಅಂಟಿಸಿದ್ದೀಯ: ಬೀಟಾ ಇಲ್ಲ, ಗಂಡಸರ ಹಾಗೆ ಸಾಯುತ್ತೇವೆ! ಹೆಣ್ಣುಮಗಳಿಗೆ ಗಂಡಸರ ಹಾಗೆ ಸಾಯುವ ಹಟವೇಕೆ? ಪುಕ್ಕಟೆ ಊಟವೇ ಇರಬಹುದು, ಅನ್ನದಲ್ಲಿ ಕಲ್ಲು ಸಿಕ್ಕರೆ ಹಲ್ಲು ಮುರಿಯುವುದು ಉಂಡವರದು.

ಆ ‘ಬೀಟಾ’ ಎಂಬುದನ್ನು ನನಗೆ ತಿಳಿಸಿಕೊಟ್ಟವನು ಇಲ್ಲಿನ ಒಬ್ಬ ಕಾಲೇಜು ಹುಡುಗ. ಕಥೆಯನ್ನು ಹೊರಗಿಡುವ ಮೊದಲು ಓದಿ ತಪ್ಪು ತೋರಿಸುವವರೇ ಬೀಟಾ. ತಂತ್ರಾಂಶವನ್ನು ಬಿಡುಗಡೆಗೆ ಮೊದಲು ಹೊರಗಿನವರಿಗೆ ಕೊಟ್ಟು ಪರೀಕ್ಷಿಸುವ ಪದ್ಧತಿಯಿಂದ ಬಂದ ಹೆಸರಂತೆ. 1967ರಲ್ಲಿ ಸ್ಟಾರ್ ಟ್ರೆಕ್ ಎಂಬ ಟಿವಿ ಧಾರಾವಾಹಿಯ ಅಭಿಮಾನಿಗಳು ತಮ್ಮದೇ ಪತ್ರಿಕೆ ತರುವಾಗ ಅದಕ್ಕೆ ಸಂಪಾದಕರಿದ್ದರು. ಅಂತರ್ಜಾಲ ಬಂದು ಯಾರು ಬೇಕಾದರೂ ನೇರವಾಗಿ ಪ್ರಕಟಿಸುವಂತಾದಾಗ ಸಂಪಾದಕರ ಕುರ್ಚಿ ಖಾಲಿಯಾಯಿತು, ಅದರಲ್ಲಿ ಬೀಟಾ ಓದುಗ ಬಂದು ಕುಳಿತ. ಹ್ಯಾರಿ ಪಾಟರ್ ಕಥೆ ಬರೆಯುವ ಅಮೆರಿಕದ ಹುಡುಗಿಯರು ಬರೀ ಬ್ರಿಟಿಷ್ ಮಾತುಕತೆ ಸರಿಯಿದೆಯೇ ಎಂದು ನೋಡಲು ಬ್ರಿಟನ್ನಿನವರೊಬ್ಬರನ್ನು ಹುಡುಕುತ್ತಾರಂತೆ. ನಿನ್ನ ಜಟಕಾವನ್ನು ಟಾಂಗಾ ಮಾಡುವುದಕ್ಕೂ ಅಂಥವರೇ ಬೇಕು. ಇದು ನಮಗೆ ಹೊಸದೂ ಅಲ್ಲ. ಬೇಂದ್ರೆಯವರ ಗೆಳೆಯರ ಗುಂಪು ಇದ್ದದ್ದು ಇದೇ ಊರಿನಲ್ಲಿ. ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಹತ್ತಿದವರಿಗೆ ವಿಮರ್ಶಕ ಕುರ್ತಕೋಟಿಯವರಂಥ ಓದುಗರು ಸಿಗುತ್ತಿದ್ದರು. ಧಾರವಾಡದಲ್ಲಿ ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸುವುದು ಎಂದೂ ಮಾನ ಹೋಗುವ ಕೆಲಸವಾಗಿರಲಿಲ್ಲ.

ಆದರೆ ಯಾರಿಗೆ ತೋರಿಸುತ್ತೀಯ ಎನ್ನುವುದನ್ನು ನೋಡಿಕೊಂಡು ತೋರಿಸು. ನನ್ನ ಮೊದಲ ಸಂಕಲನ ಅಚ್ಚಾಗುವಾಗ ಮುದ್ರಣಾಲಯದ ಒಬ್ಬರು ಕರಡು ತಿದ್ದಿದರು. ವ್ಯಾಕರಣದಲ್ಲಿ ಹುಲಿ. ನನ್ನ ನವಲಗುಂದದ ರೈತ ‘ಎರೆ ಹೊಲ’ ಎಂದದ್ದನ್ನು ಅವರು ‘ಕೆರೆ ಹೊಲ’ ಎಂದು ತಿದ್ದಿದರು. ಕಪ್ಪು ಮಣ್ಣಿನ ಹೆಸರು ಅವರಿಗೆ ಗೊತ್ತಿರಲಿಲ್ಲ, ಅಕ್ಷರ ಬಿಟ್ಟುಹೋಗಿದೆ ಎಂದುಕೊಂಡರು. ಮಳೆಗಾಗಿ ಬಾಯಿ ಬಿಟ್ಟುಕೊಂಡು ಕುಳಿತ ಊರಿನಲ್ಲಿ ಹನ್ನೆರಡು ಕಡೆ ಕೆರೆ ತುಂಬಿತು. ಅಂಥವರ ಕೈಗೆ ನಿನ್ನ ಟಾಂಗಾದವನನ್ನು ಕೊಟ್ಟರೆ ಅವನು ಪಠ್ಯಪುಸ್ತಕ ಮಾತನಾಡುತ್ತಾ ಮರಳುತ್ತಾನೆ. ದುಡ್ಡು ಕೊಟ್ಟು ತಿದ್ದಿಸುವುದಂತೂ ಬೇಡ, ಮಾರುವಂತಿಲ್ಲದ ಕಥೆಗೆ ಅದು ದಂಡ. ಗೆಳತಿಯರು ‘ಭಾರಿ ಛಲೋ ಇದೆ’ ಎನ್ನುತ್ತಾರೆ, ಅದನ್ನು ಪ್ರೀತಿಯ ಲೆಕ್ಕಕ್ಕೆ ಬರೆದುಕೋ. ನಿನಗೆ ಬೇಕಾದವರು ಇಬ್ಬರು: ಹೋಮ್ಸನನ್ನು ಹುಚ್ಚಾಗಿ ಪ್ರೀತಿಸುವ ಒಬ್ಬರು, ಹೋಮ್ಸ್ ಗೊತ್ತೇ ಇಲ್ಲದ, ಆದರೆ ಈ ಊರಿನ ಮಣ್ಣು ಮಾತು ಗೊತ್ತಿರುವ ಇನ್ನೊಬ್ಬರು. ಕೊಡುವಾಗ ಕಥೆಯನ್ನು ವಿವರಿಸಬೇಡ. ಓದಿ ಆದಮೇಲೆ ‘ಹೇಗಿದೆ’ ಎಂದೂ ಕೇಳಬೇಡ. ಎಲ್ಲಿ ಮೊಬೈಲ್ ಕೆಳಗಿಟ್ಟು ಎದ್ದು ಹೋದಿರಿ ಎಂದು ಕೇಳು.

ಎಲ್ಲದಕ್ಕೂ ಇದು ಬೇಕೆಂದಿಲ್ಲ. ಒಂದೂವರೆ ಪುಟದ ತುಣುಕನ್ನು ಬರೆದ ಖುಷಿಯಲ್ಲೇ ಹಂಚಿಬಿಡು, ಅದರ ಸೊಗಸೇ ಆ ಬಿಸಿ. ಮೊದಲ ಕರಡು ಮುಗಿಯುವ ಮೊದಲಂತೂ ಯಾರಿಗೂ ತೋರಿಸಬೇಡ, ನನಗೂ ಬೇಡ.

ಒಂದು ವಿಷಯವನ್ನು ಮಾತ್ರ ಯಾವ ಓದುಗರೂ ನಿನ್ನ ಪರವಾಗಿ ತೀರ್ಮಾನಿಸಲಾರರು. ನಾಲ್ಕನೆಯ ಪುಟದಲ್ಲಿ ಹೋಮ್ಸ್ ವಾಟ್ಸನ್ನನಿಗೆ ‘ನೀವು’ ಎನ್ನುತ್ತಾನೆ, ಒಂಬತ್ತರಲ್ಲಿ ‘ನೀನು’, ಹದಿನಾಲ್ಕರಲ್ಲಿ ಮತ್ತೆ ‘ನೀವು’. ಇಂಗ್ಲಿಷಿಗೆ ಈ ಚಿಂತೆಯೇ ಇಲ್ಲ, ಅಲ್ಲಿ ರಾಜನಿಗೂ ನಾಯಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ಬರೆಯಲು ಹೊರಟ ಕೂಡಲೇ ಆ ಇಬ್ಬರ ನಡುವಿನ ದೂರ ಎಷ್ಟು ಎಂದು ನೀನು ಅಳೆಯಲೇಬೇಕು. ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡು ಬದುಕಿದವರು, ಆದರೂ ಒಬ್ಬರನ್ನೊಬ್ಬರು ಮನೆತನದ ಹೆಸರಿನಿಂದ ಕರೆದವರು. ನನ್ನ ಕಿವಿಗೆ ‘ನೀವು’ ಸರಿ. ಸಾವು ಎದುರಿಗೆ ನಿಂತ ಒಂದು ಕ್ಷಣದಲ್ಲಿ ಮಾತ್ರ ಬಾಯಿ ತಪ್ಪಿ ‘ನೀನು’ ಬರಲಿ, ವಾಟ್ಸನ್ ಅದನ್ನು ಗಮನಿಸಲಿ, ಇಬ್ಬರೂ ಆ ಬಗ್ಗೆ ಮಾತನಾಡದಿರಲಿ. ಮೂಲ ಲೇಖಕನಿಗೆ ಅವನ ಭಾಷೆ ಕೊಡದ ಸೌಲಭ್ಯ ಇದು. ‘ನನ್ನ ಪ್ರೀತಿಯ ವಾಟ್ಸನ್’ ಎಂದು ಎಂಟು ಕಡೆ ಬರೆದಿದ್ದೀಯಲ್ಲ, ಎಂಟನ್ನೂ ಹೊಡೆದುಹಾಕಿದ್ದೇನೆ. ಬರೀ ‘ವಾಟ್ಸನ್’ ಸಾಕು.

ಪ್ರತಿಯನ್ನು ಅಂಚೆಗೆ ಹಾಕದೆ ಇಲ್ಲೇ ಇಟ್ಟುಕೊಂಡಿದ್ದೇನೆ. ಭಾನುವಾರ ಬಿಡುವಿದ್ದರೆ ಬೆಳಗಿನ ಗಾಡಿಗೆ ಬಾ, ಊಟಕ್ಕೆ ಇಲ್ಲೇ ಇರು. ನಿನ್ನ ಕಾಕು ರೊಟ್ಟಿ, ಎಣ್ಣೆಗಾಯಿ ಮಾಡುತ್ತಾಳಂತೆ. ದಾರಿಯಲ್ಲಿ ಕಿಟಕಿಯ ಪಕ್ಕ ಕುಳಿತು ನೋಡಿಕೊಂಡು ಬಾ: ಗದಗಿನಿಂದ ಬರುವಾಗ ಮೊದಲು ಹುಲಕೋಟಿ, ಆಮೇಲೆ ಅಣ್ಣಿಗೇರಿ.

ನಿನ್ನ ಕಾಕಾ