ಅಪ್ಪನ ಕುರ್ಚಿಗೆ ಕೇಳಬೇಕು

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್
18 ಜನವರಿ 2026, ಭಾನುವಾರ

ಪ್ರೀತಿಯ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು. ಪುಟ್ಟನಿಗೆ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಅಮ್ಮ, ನೀನು ಕಳಿಸಿದ ಎಳ್ಳು ಬೆಲ್ಲ ಶುಕ್ರವಾರ ಬಂತು. ಸಕ್ಕರೆ ಅಚ್ಚಿನಲ್ಲಿ ಒಂದು ಹಕ್ಕಿಯ ಕೊಕ್ಕು ಮುರಿದಿದೆ, ಉಳಿದದ್ದೆಲ್ಲ ಹಾಗೇ ಇದೆ. ಕೊಬ್ಬರಿ ಒಂದು ಚೂರೂ ಕಮಟಿಲ್ಲ. ಆಫೀಸಿಗೂ ಒಯ್ದು ಎಲ್ಲರಿಗೂ ಕೊಡುತ್ತೇನೆ.

ಅಪ್ಪ, ಹೊಸ ಟಿವಿಯ ಫೋಟೋ ನೋಡಿದೆ. 43 ಇಂಚು ನಮ್ಮ ಹಾಲ್‌ಗೆ ಸರಿಯಾಗಿದೆ. ಸೆಪ್ಟೆಂಬರ್ 22ಕ್ಕೆ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಾಗಲೇ ತಗೊಳ್ಳೋಣ ಅಂತ ಪುಟ್ಟ ಹಟ ಹಿಡಿದಿದ್ದ. ನೀವು ಸಂಕ್ರಾಂತಿ ಬರಲಿ ಅಂದಿರಿ. ಹಬ್ಬದ ದಿನ ಮನೆಗೆ ಬಂತಲ್ಲ, ಅದೇ ಚೆಂದ.

ಆದರೆ ಮೊನ್ನೆ ಕರೆ ಮಾಡಿದಾಗ ನಿಮ್ಮ ಮಾತಿಗಿಂತ ಜಾಸ್ತಿ ಟಿವಿಯ ಸದ್ದೇ ನನಗೆ ಕೇಳಿಸಿತು. ಹಿಂದಿನಿಂದ ಅಮ್ಮ "ಸ್ವಲ್ಪ ಕಮ್ಮಿ ಮಾಡ್ರೀ" ಅಂತ ಎರಡು ಸಲ ಕೂಗಿದಳು. ಆ ಮೇಲೆ ಪುಟ್ಟ ಹೇಳಿದ, ವಾಲ್ಯೂಮ್ 45ರಲ್ಲಿ ಇಟ್ಟರೂ ನಿಮಗೆ ಮಾತು ಬಿಡಿಸಿ ಕೇಳುತ್ತಿಲ್ಲ ಅಂತ. ಹೋಂ ಥಿಯೇಟರ್ ತರೋಣ ಅಂದರೆ ನೀವು "ಸುಮ್ನೆ ಯಾಕೆ ದುಡ್ಡು ದಂಡ" ಅಂದಿರಂತೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಅಲ್ಲೇ ಉಳಿದುಬಿಡುತ್ತದೆ.

ನವೆಂಬರ್‌ನಲ್ಲಿ ಕಡಲೆಕಾಯಿ ಪರಿಷೆಗೆ ಬಂದಿದ್ದೆನಲ್ಲ, ಆಗ ಒಂದು ಸಂಜೆ ನಾವು ಮೂವರೂ ಹಳೆಯ ಸಿನಿಮಾ ನೋಡುತ್ತಿದ್ದೆವು. ತಮಾಷೆಯ ದೃಶ್ಯ ಬಂತು. ಅಮ್ಮ ನಕ್ಕಳು, ನಾನೂ ನಕ್ಕೆ. ನೀವು ಮೊದಲು ಅಮ್ಮನ ಮುಖ ನೋಡಿದಿರಿ, ಆಮೇಲೆ ನಕ್ಕಿರಿ. ಆ ಒಂದು ಕ್ಷಣ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ ಅಪ್ಪ. ಹಾಗಾಗಿ ಈ ದುಡ್ಡು ದಂಡ ಅಲ್ಲ. ನಾನು ಕಳಿಸುತ್ತೇನೆ, ಬೇಡ ಅನ್ನಬೇಡಿ.

ತಪ್ಪು ನಿಮ್ಮ ಕಿವಿಯದ್ದು ಮಾತ್ರ ಅಲ್ಲ. ಈಗಿನ ಟಿವಿಗಳು ತಟ್ಟೆಯ ಹಾಗೆ ತೆಳ್ಳಗೆ. ದೊಡ್ಡ ಸ್ಪೀಕರ್ ಇಡೋಕೆ ಜಾಗವೇ ಇಲ್ಲ. ಚಿಕ್ಕ ಚಿಕ್ಕ ಸ್ಪೀಕರ್‌ಗಳನ್ನು ಕೆಳಗಡೆಯೋ ಹಿಂದುಗಡೆಯೋ ಮುಖ ಮಾಡಿ ಕೂರಿಸಿರುತ್ತಾರೆ. ಸದ್ದು ನೆಲಕ್ಕೆ, ಗೋಡೆಗೆ ಬಡಿದು ಆಮೇಲೆ ನಿಮ್ಮ ಹತ್ತಿರ ಬರಬೇಕು. ನಮ್ಮದೋ ಮೊಸಾಯಿಕ್ ನೆಲ, ಬೋಳು ಗೋಡೆ. ಮಾತು ಅಲ್ಲೇ ಕಲಸಿಹೋಗುತ್ತದೆ.

ತಾತನ ಮನೆಯ ಫಿಲಿಪ್ಸ್ ರೇಡಿಯೋ ನೆನಪಿದೆಯಾ? ನಡುಮನೆಯ ಗೂಡಿನಲ್ಲಿ ಇತ್ತಲ್ಲ, ಮರದ ಪೆಟ್ಟಿಗೆ, ಮುಂದೆ ಕಂದು ಬಟ್ಟೆ, ಸ್ಟೇಷನ್ ಸರಿಯಾಗಿ ಸಿಕ್ಕರೆ ಹಸಿರು ಕಣ್ಣು ಕಿರಿದಾಗುತ್ತಿತ್ತು. ನಾನಿರುವ ಈ ಊರಲ್ಲೇ ಆ ಕಂಪನಿ ಹುಟ್ಟಿದ್ದು, 1891ರಲ್ಲಿ. ಮೊದಲು ಬಲ್ಬು ಮಾಡುತ್ತಿದ್ದರು, ರೇಡಿಯೋ ಶುರು ಮಾಡಿದ್ದು 1927ರಲ್ಲಿ. ಇಲ್ಲಿ ಅವರದೊಂದು ಮ್ಯೂಸಿಯಂ ಇದೆ. ಹೋದ ತಿಂಗಳು ಹೋಗಿದ್ದಾಗ ಅಂಥದ್ದೇ ರೇಡಿಯೋ ಎದುರು ತುಂಬ ಹೊತ್ತು ನಿಂತಿದ್ದೆ. ತಾತ ಹಿತ್ತಲಲ್ಲಿ ಇದ್ದರೂ ವಾರ್ತೆಯ ಒಂದೊಂದು ಪದ ಅವರಿಗೆ ಕೇಳುತ್ತಿತ್ತು. ಯಾಕೆ ಅಂದರೆ ಅದರ ಸ್ಪೀಕರ್ ಅಂಗೈಯಷ್ಟು ಅಗಲ ಇತ್ತು, ಮನೆಯವರ ಕಡೆಗೇ ಮುಖ ಮಾಡಿತ್ತು. ನಮಗೆ ಬೇಕಾಗಿರುವುದೂ ಅಷ್ಟೇ. ನಿಮ್ಮ ಕಡೆ ತಿರುಗಿ ಮಾತಾಡುವ ಒಂದು ಪೆಟ್ಟಿಗೆ.

ಇನ್ನು ಕಿವಿಯ ವಿಷಯ. ವಯಸ್ಸಾದಂತೆ ಮೊದಲು ಕಮ್ಮಿಯಾಗುವುದು ಕೀರಲು ಸದ್ದುಗಳು. ಗುಡುಗು, ತಮಟೆ, ಬಸ್ಸಿನ ಸದ್ದು ಹಾಗೇ ಕೇಳುತ್ತವೆ. ಆದರೆ ಸ, ಶ ಅಂಥ ಅಕ್ಷರಗಳ ಸದ್ದು ಹೆಚ್ಚಾಗಿ 2,000 ಹರ್ಟ್ಜ್‌ಗಿಂತ ಮೇಲೆ ಇರುತ್ತದೆ, ಅವೇ ಜಾರಿಹೋಗುತ್ತವೆ. ವಾರ್ತೆಯಲ್ಲಿ "ಸಾಲದ ಕಂತು" ಅಂದರೆ ನೀವು "ಹಾಲಿಗೆ ಏನಾಯ್ತಂತೆ?" ಅಂತ ಕೇಳಿದ್ದು ಇದಕ್ಕೇ. ಸದ್ದು ಸಾಲದೆ ಅಲ್ಲ, ಆ ಒಂದು ಅಕ್ಷರ ತಲುಪದೆ. ವಾಲ್ಯೂಮ್ ಏರಿಸಿದರೆ ಹಿನ್ನೆಲೆ ಸಂಗೀತವೂ ಜೊತೆಗೇ ಏರುತ್ತದೆ, ಮಾತು ಅದರ ಕೆಳಗೇ ಉಳಿಯುತ್ತದೆ.

ಪುಟ್ಟ, ಇಲ್ಲಿಂದ ಮುಂದೆ ನಿನಗೆ. ಗಮನ ಇಟ್ಟು ಓದು.

ನೀನು ಕಳಿಸಿದ ಪಟ್ಟಿಯಲ್ಲಿ ಎಲ್ಲದಕ್ಕೂ ಮೊದಲು ವಾಟ್ ಬರೆದಿದ್ದೀಯ. ವಾಟ್ ನೋಡಿ ತರಬೇಡ ಕಣೋ. ಅಗ್ಗದ ಡಬ್ಬಗಳ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವಾಟ್ ಹಾಕಿರುತ್ತಾರೆ. ಆ ಲೆಕ್ಕಕ್ಕೆ ಹಿಂದುಮುಂದಿಲ್ಲ. ಆರ್‌ಎಂಎಸ್, ಅಂದರೆ ಒಂದೇ ಸಮನೆ ಕೊಡಬಲ್ಲ ನಿಜವಾದ ಶಕ್ತಿ, ಎಷ್ಟು ಅಂತ ಕೇಳು. ನಮ್ಮ ಹಾಲ್ ಹತ್ತಕ್ಕೆ ಹದಿನಾಲ್ಕು ಅಡಿ. ಅದಕ್ಕೆ ಅಬ್ಬರದ ಶಕ್ತಿ ಬೇಕಾಗಿಲ್ಲ.

ನಾನು ಎರಡನೇ ವರ್ಷದ ಇಂಜಿನಿಯರಿಂಗ್‌ನಲ್ಲಿದ್ದಾಗ ಎಸ್.ಪಿ. ರೋಡಿನ ಒಂದು ಅಂಗಡಿಯಿಂದ 5.1 ತಂದಿದ್ದೆನಲ್ಲ, ನೀನಾಗ ಚಿಕ್ಕವನು. ಐದು ಸ್ಪೀಕರ್, ಗುಮ್ಮೆನ್ನುವ ಸದ್ದಿಗೆ ಒಂದು ಸಬ್ ವೂಫರ್. ಮನೆಗೆ ತಂದು ಜೋಡಿಸಿದರೆ ನಮ್ಮ ಸೆಟ್ ಟಾಪ್ ಬಾಕ್ಸ್‌ನಿಂದ ಬರುತ್ತಿದ್ದದ್ದು ಕೆಂಪು, ಬಿಳಿ ಎರಡೇ ಪಿನ್. ಆ ಸೆಟ್‌ಗೆ ಬೇಕಾಗಿದ್ದದ್ದು ಆರು. ನಡುವಿನ ಸ್ಪೀಕರ್ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಅಂಗಡಿಯವನು ಅದನ್ನು ಹೇಳಲೇ ಇಲ್ಲ, ವಾಪಸ್ಸೂ ತಗೊಳ್ಳಲಿಲ್ಲ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅದು. ನಿನಗೆ ಹಾಗಾಗಬಾರದು.

ಈಗ ಅಷ್ಟು ಕಷ್ಟ ಇಲ್ಲ. ಟಿವಿ ಹಿಂದೆ ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಯ್ಯುವ ಕೇಬಲ್) ತೂತುಗಳಲ್ಲಿ ಒಂದರ ಪಕ್ಕ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುತ್ತದೆ. ಎಆರ್‌ಸಿ 2009ರಲ್ಲಿ ಬಂದ ವ್ಯವಸ್ಥೆ, ಇಎಆರ್‌ಸಿ ಅದರ ಹೊಸ ರೂಪ. ಆ ಒಂದೇ ಕೇಬಲ್‌ನಲ್ಲಿ ಟಿವಿಯ ಸದ್ದು ಹೊರಗೆ ಹೋಗುತ್ತದೆ, ಟಿವಿ ರಿಮೋಟ್‌ನಿಂದಲೇ ವಾಲ್ಯೂಮ್ ಕೂಡ ಆಗುತ್ತದೆ. ಅಪ್ಪನಿಗೆ ಎರಡೆರಡು ರಿಮೋಟ್ ಕೊಟ್ಟರೆ ನಾಲ್ಕನೇ ದಿನ ಅದನ್ನು ಹಾಕುವುದನ್ನೇ ಬಿಡುತ್ತಾರೆ. ಹಾಗಾಗಿ ಎಆರ್‌ಸಿ ಇಲ್ಲದ ಸೆಟ್ ಎಷ್ಟೇ ಅಗ್ಗ ಇದ್ದರೂ ಬೇಡ. ಬೆಳಕಿನ ಮೂಲಕ ಸದ್ದು ಒಯ್ಯುವ ಆಪ್ಟಿಕಲ್ ಕೇಬಲ್‌ನಲ್ಲಿ ಸದ್ದು ಮಾತ್ರ ಹೋಗುತ್ತದೆ, ರಿಮೋಟ್‌ನ ಮಾತು ಹೋಗುವುದಿಲ್ಲ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಬಾಯಿ ಮೊದಲು ಆಡುತ್ತದೆ, ಮಾತು ಆಮೇಲೆ. ಅಪ್ಪ ಈಗೀಗ ತುಟಿ ನೋಡಿಯೂ ಮಾತು ಹಿಡಿಯುತ್ತಾರೆ, ನಾನು ಗಮನಿಸಿದ್ದೇನೆ. ಅದಕ್ಕೇ ಬ್ಲೂಟೂತ್ ಹಾಡಿಗೆ ಮಾತ್ರ. ಚಿನ್ನದ ಲೇಪದ ಎಚ್‌ಡಿಎಂಐ ಕೇಬಲ್ ಅಂತ ಎರಡು ಸಾವಿರ ಕೇಳಿದರೆ ಕೊಡಬೇಡ. ಸಾಧಾರಣ ಕೇಬಲ್ಲೇ ಸಾಕು.

ಅತಿ ಮುಖ್ಯ ಅಂದರೆ ನಡುವಿನ ಚಾನೆಲ್, ಅಂದರೆ ಮಧ್ಯದ ಸ್ಪೀಕರ್‌ಗೆ ಅಂತಲೇ ಬರುವ ಸದ್ದು. 5.1 ಸಿನಿಮಾದಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ಬರುವುದು ಮಧ್ಯದ ಸ್ಪೀಕರ್‌ನಿಂದ. ಸೌಂಡ್‌ಬಾರ್ ಅಂದರೆ ಟಿವಿ ಕೆಳಗಿಡುವ ಉದ್ದನೆಯ ಸ್ಪೀಕರ್ ಪೆಟ್ಟಿಗೆ. 2.1 ಬಾರ್‌ನಲ್ಲಿ ಮಧ್ಯದ್ದು ಇರುವುದಿಲ್ಲ. ಎಡ ಬಲ ಎರಡೂ ಸೇರಿ ಮಾತು ನಡುವಿನಿಂದ ಬಂದಂತೆ ಅನಿಸುತ್ತದೆ, ಅದೂ ಎದುರಿಗೆ ಕೂತವರಿಗೆ. ಅಪ್ಪನ ಬೆತ್ತದ ಕುರ್ಚಿ ಎಲ್ಲಿದೆ ಹೇಳು? ಕಿಟಕಿ ಪಕ್ಕ, ಓರೆಯಲ್ಲಿ. ಹೊರಗೆ ಬುಲ್ ಟೆಂಪಲ್ ರೋಡಿನ ಗಾಡಿಗಳು. ಆ ಕುರ್ಚಿಯನ್ನು ಅವರು ಬಿಡುವುದಿಲ್ಲ, ಬಿಡಿಸುವುದೂ ಬೇಡ. ಹಾಗಾಗಿ ಮಧ್ಯಕ್ಕೆ ಅಂತಲೇ ಸ್ಪೀಕರ್ ಇರುವ 3.1 ಅಥವಾ 5.1 ನೋಡು.

ನಿನ್ನ ಪಟ್ಟಿಯಲ್ಲಿ ಸೋನಿ ಎಚ್‌ಟಿ-ಎಸ್20ಆರ್ ಇತ್ತು. ಅದು ನಮ್ಮ ಲೆಕ್ಕಕ್ಕೆ ಹತ್ತಿರದ್ದು. ಬಾರ್‌ನಲ್ಲಿ ಮೂರು ಚಾನೆಲ್ ಇವೆ, ಎಆರ್‌ಸಿ ಇದೆ. ಆದರೆ ಎಲ್ಲ ವೈರ್‌ನದ್ದೇ. ಹಿಂದಿನ ಎರಡು ಸ್ಪೀಕರ್ ಮಾತ್ರ ಅಲ್ಲ, ಮುಂದಿನ ಬಾರ್ ಕೂಡ ವೈರ್‌ನಿಂದ ಸಬ್ ವೂಫರ್‌ಗೇ ಸೇರಬೇಕು. ಹಿಂದಿನ ವೈರ್ ಎಳೆದರೆ ದೇವರ ಮನೆಯ ಹೊಸಿಲು ದಾಟಬೇಕಾಗುತ್ತದೆ. ಅಮ್ಮ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ಜಾಗ ಅದು, ಅಪ್ಪ ರಾತ್ರಿ ನೀರಿಗೆ ಎದ್ದು ನಡೆಯುವ ಜಾಗವೂ ಅದೇ. ಸದ್ಯಕ್ಕೆ ಹಿಂದಿನ ಎರಡನ್ನೂ ಡಬ್ಬದಲ್ಲೇ ಇಡು. ಹಿಂದಿನ ಸದ್ದು ಹೋಗುತ್ತದೆ, ಮಾತು ಹೋಗುವುದಿಲ್ಲ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಗೋಡೆಯ ಬುಡದಲ್ಲಿ ಪಟ್ಟಿ ಹೊಡೆಸಿ ವೈರ್ ಎಳೆಯೋಣ. ಇದಕ್ಕಿಂತ ಕಡಿಮೆಗೆ ಒಳ್ಳೆಯ 3.1 ಸಿಕ್ಕರೆ ನನಗೆ ಅದೇ ಇಷ್ಟ.

ಅಟ್ಮಾಸ್ ಅಂತ ಬರೆದಿದೆ ಎನ್ನುವುದಕ್ಕೇ ಮೂರು ನಾಲ್ಕು ಸಾವಿರ ಜಾಸ್ತಿ ಕೊಡಬೇಡ. ತಲೆಯ ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ ವ್ಯವಸ್ಥೆ ಅದು. ಹಾಗೆ ಬರಬೇಕಾದರೆ ಮೇಲಕ್ಕೆ ಮುಖ ಮಾಡಿದ ಸ್ಪೀಕರ್ ಬೇಕು, ಅದು ಬಡಿದು ವಾಪಸ್ ಬರಲು ಸಪಾಟಾದ ಸೂರು ಬೇಕು. ನಮ್ಮದು ತೊಲೆ ಹಾಕಿದ ಮದ್ರಾಸ್ ತಾರಸಿ.

ಅಂಗಡಿಗೆ ಹೋಗುವಾಗ ಅಪ್ಪನನ್ನು ಕರೆದುಕೊಂಡು ಹೋಗು. ಅಂಗಡಿಯವರು ಬಾಂಬು ಸಿಡಿಯುವ ದೃಶ್ಯ ಹಾಕುತ್ತಾರೆ, ಅದರಿಂದ ನಮಗೇನೂ ಗೊತ್ತಾಗುವುದಿಲ್ಲ. ಕನ್ನಡ ವಾರ್ತೆ ಹಾಕಿಸು. ವಾಲ್ಯೂಮ್ ಕಮ್ಮಿ ಇರಲಿ. ಅಪ್ಪನನ್ನು ಎದುರಿಗಲ್ಲ, ಮನೆಯಲ್ಲಿ ಕೂರುವ ಹಾಗೆ ಓರೆಯಲ್ಲಿ ಕೂರಿಸು. ಮಾತಿಗೆ ಅಂತಲೇ ವಾಯ್ಸ್ ಮೋಡ್ ಇದ್ದರೆ ಅದನ್ನು ಹಾಕಿ, ತೆಗೆದು, ಎರಡೂ ಕೇಳಿಸು. ಅವರು ಸರಿ ಅಂದದ್ದು ಸರಿ. ನಿನಗೆ ಧಡಧಡ ಸಾಲದು ಅನಿಸಿದರೂ ಈ ಸಲ ಬಿಟ್ಟುಕೊಡು.

ಇಲ್ಲಿಂದಲೇ ತಾ ಅಂದೆಯಲ್ಲ, ಅದು ಬೇಡ. ಇಲ್ಲೂ 230 ವೋಲ್ಟೇ, ಪ್ಲಗ್ ಮಾತ್ರ ಬೇರೆ. ಆದರೆ ಕೆಟ್ಟರೆ ವಾರಂಟಿ ಹಿಡಿದುಕೊಂಡು ಯಾರ ಹತ್ತಿರ ಹೋಗುತ್ತೀಯ? ಅಲ್ಲೇ ತಗೊ, ಬಿಲ್ ತಗೊ. ಜೊತೆಗೆ ಒಂದು ಒಳ್ಳೆಯ ಸ್ಪೈಕ್ ಗಾರ್ಡ್. ಕರೆಂಟ್ ಹೋಗಿ ಬರುವಾಗಿನ ಹೊಡೆತಕ್ಕೆ ಹಳೆಯ ಮಿಕ್ಸಿ ಏನಾಯಿತು ಅಂತ ಗೊತ್ತಲ್ಲ.

ಅಮ್ಮ, ಈಗ ನಿನ್ನ ಕೆಲಸ. ಬಾರ್ ಅನ್ನು ಷೋಕೇಸ್ ಗಾಜಿನ ಒಳಗೆ ಇಡಬೇಡಿ. ಟಿವಿ ಕೆಳಗೆ ಮೇಜಿನ ಮುಂದಿನ ಅಂಚಿಗೆ ಬರಲಿ. ಹಿಂದಕ್ಕೆ ತಳ್ಳಿದರೆ ಅರ್ಧ ಸದ್ದು ಮೇಜಿಗೇ ಬಡಿಯುತ್ತದೆ. ನೀನು ಹಾಕಿದ ಕ್ರೋಶಾ ಬಟ್ಟೆಯನ್ನು ಅದರ ಮೇಲೆ ಹೊದಿಸಬೇಡ, ರಿಮೋಟ್‌ನ ಕಣ್ಣು ಮುಚ್ಚಿಹೋಗುತ್ತದೆ. ಟಿವಿ ಮುಂದೆ ಅಜ್ಜಿಯ ನವಲಗುಂದದ ಜಮಖಾನ ಹಾಸು. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದೀಯಲ್ಲ, ಅದೇ. ನೆಲದಿಂದ ಏಳುವ ಪ್ರತಿಧ್ವನಿಯನ್ನು ಅದು ಹಿಡಿದುಕೊಳ್ಳುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿದರೆ ಇನ್ನೂ ಒಳ್ಳೆಯದು. ಸಬ್ ವೂಫರ್ ಮೂಲೆಗೆ ಬೇಡ, ಮೂಲೆಯಲ್ಲಿ ಗುಮ್ ಅನ್ನುವುದು ಜಾಸ್ತಿ. ಮಹಡಿಯ ಮನೆಯವರ ಮಗು ಮಲಗುವ ಹೊತ್ತಿಗೆ, ಅಬ್ಬರ ತಗ್ಗಿಸುವ ನೈಟ್ ಮೋಡ್ ಇದ್ದರೆ ಅದನ್ನು ಹಾಕಿ.

ಅಪ್ಪ, ಕೊನೆಯದಾಗಿ ಒಂದು ಮಾತು. ಕೋಪ ಮಾಡಿಕೊಳ್ಳಬೇಡಿ. ಶಿವರಾತ್ರಿಗೆ ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗುತ್ತೀರಲ್ಲ, ಆಗ ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಒಂದು ಸಲ ಕಿವಿ ತೋರಿಸಿ. ಟಿವಿಯ ಮಾತನ್ನು ಸ್ಪೀಕರ್ ಸರಿಮಾಡುತ್ತದೆ. ನೀವು ಬಾಗಿಲಲ್ಲಿ ನಿಂತು ಸೊಪ್ಪಿನವಳ ಹತ್ತಿರ ಮಾತಾಡುವಾಗ, ಫೋನಿನಲ್ಲಿ ನಾನು ಮಾತಾಡುವಾಗ ಅದು ಉಪಯೋಗಕ್ಕೆ ಬರುವುದಿಲ್ಲ. ನಾನು ಹೇಳಿದ್ದು ಕೇಳದೆ ನೀವು ಸುಮ್ಮನೆ ತಲೆ ಆಡಿಸುತ್ತೀರಿ ಅಂತ ನನಗೆ ಗೊತ್ತು. ಅಮ್ಮ ಜೊತೆಗೆ ಬರುತ್ತಾಳೆ.

ಹದಿನೆಂಟು ಸಾವಿರ ನಾಳೆ ಪುಟ್ಟನ ಅಕೌಂಟಿಗೆ ಹಾಕುತ್ತೇನೆ. ಉಳಿದರೆ ಅಮ್ಮನಿಗೆ ಪರದೆ ಬಟ್ಟೆ. ಮುಂದಿನ ಭಾನುವಾರದೊಳಗೆ ಜೋಡಿಸಿಬಿಡಿ. ಅಲ್ಲಿ ರಾತ್ರಿ ಎಂಟಾದರೆ ಇಲ್ಲಿ ಮಧ್ಯಾಹ್ನ ಮೂರೂವರೆ, ಮನೆಯಲ್ಲೇ ಇರುತ್ತೇನೆ. ವಿಡಿಯೋ ಕರೆ ಮಾಡಿ ಫೋನನ್ನು ಟಿವಿ ಪಕ್ಕ ನಿಲ್ಲಿಸಿ, ನಿಮ್ಮ ಕುರ್ಚಿ ಕಾಣುವ ಹಾಗೆ. ನವೆಂಬರ್‌ನಲ್ಲಿ ನೋಡಿದ ಅದೇ ಸಿನಿಮಾ ಹಾಕಿ.

ನಿಮ್ಮ ಪ್ರೀತಿಯ ಮಗಳು